ಮೆಡೋಸ್ ಟೇಲರರ ಆತ್ಮಚರಿತ್ರೆ: ಒಂದು ಪ್ರಮಾಣವಿಚಾರ

ಪರದೇಶದಿಂದ ಬಂದು ನಮ್ಮ ಹಳ್ಳಿಗಳ ನಡುವೆ ಬಹುಕಾಲ ನೆಲಸಿ, ತಾನು ಕಂಡುದನ್ನೂ ತನಗೆ ತೋರಿದುದನ್ನೂ ಬರೆದಿಟ್ಟವನ ಗ್ರಂಥವನ್ನು ನಾವು ಹೇಗೆ ಓದಬೇಕು? ಹೊಗಳಿದನೆಂದು ಹಿಗ್ಗುವುದಾಗಲಿ, ತೆಗಳಿದನೆಂದು ಕೆರಳುವುದಾಗಲಿ ವಿಮರ್ಶೆಯಲ್ಲ. ಕೃಷ್ಣಾ ತುಂಗಭದ್ರೆಗಳ ನಡುವಣ ಎಡೆದೊರೆನಾಡಿಗೂ, ಕೃಷ್ಣೆಯಾಚೆ ಅದಕ್ಕೆ ಮಗ್ಗುಲಾಗಿರುವ ಸುರಪುರ ಸೀಮೆಗೂ ಸಂಬಂಧಿಸಿದಂತೆ ಈ ಪ್ರಶ್ನೆಯು ಮುಖ್ಯವಾಗಿ ಒಂದು ಪುಸ್ತಕವನ್ನು ಕುರಿತು ಏಳುತ್ತದೆ. ಅದು ಕರ್ನಲ್ ಫಿಲಿಪ್ ಮೆಡೋಸ್ ಟೇಲರರು "ನನ್ನ ಬಾಳಿನ ಕಥೆ" ಎಂಬರ್ಥದ ಹೆಸರಿಟ್ಟು ಇಂಗ್ಲಿಷಿನಲ್ಲಿ ಬರೆದ ಆತ್ಮಚರಿತ್ರೆ. ತುಂಗಭದ್ರೆಯ ದಂಡೆಯ ದಢೇಸುಗೂರಿನಿಂದ ಹಿಡಿದು ಸುರಪುರದ ಗುಡ್ಡದವರೆಗಿನ ನಾಡಿನ ಚರಿತ್ರೆಯನ್ನು ಬರೆಯಹೊರಡುವವರು ಈ ಪುಸ್ತಕವನ್ನು ಬಿಟ್ಟು ಮುಂದುವರಿಯಲಾರರು. ಅದನ್ನೇ ನೆಚ್ಚಿ ನಿಲ್ಲಲೂ ಆರರು.

ಟೇಲರರು 1808ರಲ್ಲಿ ಲಿವರ್‌ಪೂಲಿನಲ್ಲಿ ಹುಟ್ಟಿ, 1824ರಲ್ಲಿ ವ್ಯಾಪಾರದ ಕೆಲಸಕ್ಕೆಂದು ಮುಂಬಯಿಗೆ ಬಂದು, ಬಳಿಕ ನಿಜಾಮರ ಸೈನ್ಯವನ್ನು ಸೇರಿದವರು. 1841ರಿಂದ 1853ರವರೆಗೆ ಸುರಪುರ ಸಂಸ್ಥಾನದ ಆಡಳಿತವು ಅವರ ಮೇಲ್ವಿಚಾರಣೆಯಲ್ಲಿತ್ತು. ಬಾಲಕನಾಗಿದ್ದ ವೆಂಕಟಪ್ಪನಾಯಕನು ಅವರ ಕಣ್ಣೆದುರಿನಲ್ಲಿಯೇ ಬೆಳೆದು, ಅವರನ್ನು "ಅಪ್ಪಾ" ಎಂದು ಕರೆಯುತ್ತಿದ್ದನು. ಅವರು ಅಲ್ಲಿ ಕಟ್ಟಿಸಿದ ಮನೆಯು ಟೇಲರ್ ಮಂಜಿಲ್ ಎಂದು ಪ್ರಸಿದ್ಧವಾಗಿದೆ. 1876ರಲ್ಲಿ ಅವರು ತೀರಿಕೊಂಡ ಮರುವರ್ಷ ಮಗಳು ಆಲಿಸ್ ಈ ಆತ್ಮಚರಿತ್ರೆಯನ್ನು ಸಂಪಾದಿಸಿ ಹೊರತಂದರು. ಆದುದರಿಂದ ಇದು ಹಿನ್ನೋಟದಿಂದ ಹುಟ್ಟಿದ ಗ್ರಂಥವೆಂಬುದನ್ನು ಓದುವವರು ಮೊದಲಿಗೇ ನೆನಪಿನಲ್ಲಿಡತಕ್ಕದ್ದು.

ನ್ಯಾಯಶಾಸ್ತ್ರದಲ್ಲಿ ಪ್ರತ್ಯಕ್ಷಕ್ಕೆ ಒಂದು ಸ್ಥಾನ, ಅನುಮಾನಕ್ಕೆ ಒಂದು ಸ್ಥಾನ, ಆಪ್ತವಾಕ್ಯಕ್ಕೆ ಒಂದು ಸ್ಥಾನವುಂಟಷ್ಟೆ. ಐತಿಹ್ಯವನ್ನು ನೈಯಾಯಿಕರು ಬೇರೆ ಪ್ರಮಾಣವೆಂದು ಎಣಿಸದೆ ಶಬ್ದದಲ್ಲಿಯೇ ಅಡಗಿಸುವರು. ಒಬ್ಬನೇ ಮನುಷ್ಯನು ಒಂದು ವಿಷಯದಲ್ಲಿ ಆಪ್ತನಾಗಿದ್ದು ಮತ್ತೊಂದರಲ್ಲಿ ಆಗದಿರಬಹುದು. ಟೇಲರರ ಗ್ರಂಥದಲ್ಲಿ ಕಂಡ ಸಂಗತಿ, ಊಹಿಸಿದ ಸಂಗತಿ, ಕೇಳಿದ ಸಂಗತಿ ಈ ಮೂರೂ ಒಂದೇ ಸೊಗಸಾದ ಶೈಲಿಯಲ್ಲಿ ಬೆರೆತುಹೋಗಿವೆ. ಅವನ್ನು ಬೇರ್ಪಡಿಸುವುದೇ ವಿಮರ್ಶಕನ ಕೆಲಸ.

ಪ್ರತ್ಯಕ್ಷದಲ್ಲಿ ಅವರು ಬಹುಮಟ್ಟಿಗೆ ನಂಬತಕ್ಕವರು. ಬೋನಾಳದ ಕೆರೆಯನ್ನು ವಿಸ್ತರಿಸಿದ ವಿಷಯದಲ್ಲಿ ಅವರ ಮಾತು ಕೈಯಾರೆ ಕೆಲಸ ಮಾಡಿಸಿದವನ ಮಾತು; ಆ ಕೆರೆಯು ಇಂದು ಪಕ್ಷಿಧಾಮವಾಗಿ ನಮ್ಮ ಕಣ್ಣಮುಂದಿದೆ. ರಾಜನಕೋಳೂರಿನ ಕಲ್ಮನೆಗಳನ್ನೂ ಜೇವರ್ಗಿಯ ಬಳಿಯ ಕಲ್ಗುಪ್ಪೆಗಳನ್ನೂ ಪರೀಕ್ಷಿಸಿ, ಮುಂಬಯಿಯ ಏಷ್ಯಾಟಿಕ್ ಸೊಸೈಟಿಯ ಪತ್ರಿಕೆಯಲ್ಲಿ ಅವರು ಬರೆದ ವಿವರಗಳಿಗೆ ಪುರಾತತ್ತ್ವಜ್ಞರು ಈಗಲೂ ಬೆಲೆಕೊಡುತ್ತಾರೆ. ಊರವರು ಅಂಥ ಕಲ್ಮನೆಗಳನ್ನು ಕುಳ್ಳರಾದ ಮೋರೇರು ಕಟ್ಟಿದರೆನ್ನುವುದನ್ನು ಅವರು ಐತಿಹ್ಯವೆಂದೇ ದಾಖಲಿಸಿದ್ದಾರೆ. ಆದರೆ ಅಲ್ಲಿಂದ ಮುಂದಕ್ಕೆ ಅನುಮಾನಕ್ಕೆ ಕೈಹಾಕಿ, ಇವು ಶಕರಿಗೂ ಯೂರೋಪಿನ ಡ್ರೂಯಿಡರಿಗೂ ಸೇರಿದುವೆಂದು ಹೆಸರಿಟ್ಟರು. ವರ್ಣನೆಯು ನಿಂತಿತು, ಸಿದ್ಧಾಂತವು ಬಿದ್ದಿತು. ಇವು ಈ ನೆಲದಲ್ಲಿಯೇ ಬಾಳಿದ ಪ್ರಾಚೀನ ಜನರ ಸಮಾಧಿಗಳೆಂದು ಇಂದು ವಿದ್ವಾಂಸರು ಒಪ್ಪಿದ್ದಾರೆ.

ಭಾಷೆಯ ವಿಷಯದಲ್ಲಿ ಒಂದು ಸಣ್ಣ ಗುರುತನ್ನು ನೋಡೋಣ. ಟೇಲರರು ಬೇಡರನ್ನು "ಬೇಡರ್ಸ್" ಎಂದು ಬರೆಯುತ್ತಾರೆ. "ಬೇಡರು" ಎಂಬುದು ಕನ್ನಡದಲ್ಲಿ ಆಗಲೇ ಬಹುವಚನ. ಅದರ ಮೇಲೆ ಇಂಗ್ಲಿಷಿನ ಬಹುವಚನ ಪ್ರತ್ಯಯವು ಮತ್ತೆ ಕುಳಿತಿದೆ. ಅವರು ಅದನ್ನು ಊರವರ ಬಾಯಿಂದ ಕೇಳಿ ಹಾಗೆ ಮಾಡಿರಬಹುದು. ಅಥವಾ ಹೈದರಾಬಾದಿನ ಕಚೇರಿಯಲ್ಲಿ ರೂಢಿಯಾಗಿದ್ದ ರೂಪವನ್ನೇ ಎತ್ತಿಕೊಂಡಿರಬಹುದು. ಯಾವುದಾದರೂ ಸರಿಯೆ, ಆ ಜನರು ತಮ್ಮನ್ನು ತಾವು ಕರೆದುಕೊಳ್ಳುವ ಹೆಸರಿನ ವ್ಯಾಕರಣವು ಅವರ ಪುಟಗಳಲ್ಲಿ ಉಳಿಯಲಿಲ್ಲ. ಹೆಸರಿಗೇ ಹೀಗಾದರೆ, ಅದೇ ಜನರ ಅಭಿಪ್ರಾಯಗಳು ಎಷ್ಟು ಸೋಸಿ ಬಂದಿರಬಹುದೆಂಬುದನ್ನು ವಾಚಕರೇ ಊಹಿಸಿಕೊಳ್ಳಬಹುದು.

ಬರೆದವನು ಕುಳಿತ ಪೀಠವನ್ನೂ ಗಮನಿಸಬೇಕು. 1890ರಲ್ಲಿ ಜಪಾನಿನ ಮಾತ್ಸುಯೆ ಪಟ್ಟಣಕ್ಕೆ ಹೋದ ಲಾಫ್ಕಾಡಿಯೋ ಹರ್ನ್ ಎಂಬವರು ಶಾಲೆಯ ಉಪಾಧ್ಯಾಯರು. ಆ ನಾಡಿನ ಹೆಣ್ಣನ್ನು ಮದುವೆಯಾಗಿ, ಅವಳ ಬಾಯಿಂದ ಕಥೆಗಳನ್ನು ಕೇಳಿ ಬರೆದರು. ಹರ್ನರಿಗೆ ಅಲ್ಲಿ ಯಾರ ಮೇಲೂ ಅಧಿಕಾರವಿರಲಿಲ್ಲ. ಟೇಲರರ ಮುಂದೆ ನಿಂತವರಾದರೋ ಅರ್ಜಿ ಹಿಡಿದವರು, ಕಂದಾಯ ತೆರುವವರು, ತೀರ್ಪನ್ನು ಕಾಯುವವರು. ಇಂಥವರು ಆಡಿದ ಪ್ರೀತಿಯ ಮಾತು ಸುಳ್ಳೆಂದು ನಾನು ಹೇಳುವುದಿಲ್ಲ. ಆದರೆ ಅದು ಅಧಿಕಾರಿಯ ಕಿವಿಗೆ ಬಿದ್ದ ಮಾತು.

ಇವೆಲ್ಲಕ್ಕಿಂತ ದೊಡ್ಡ ಪರೀಕ್ಷೆಯು ವೆಂಕಟಪ್ಪನಾಯಕನ ಅಂತ್ಯದ ಪ್ರಕರಣ. 1858ರಲ್ಲಿ ಅವನು ಬ್ರಿಟಿಷರ ವಿರುದ್ಧ ಎದ್ದು, ಸೋತು, ಸೆರೆಸಿಕ್ಕಿ ಮರಣದಂಡನೆಗೆ ಗುರಿಯಾದನು. ಶಿಕ್ಷೆಯು ಕೊನೆಗೆ ನಾಲ್ಕು ವರ್ಷಗಳ ಸೆರೆಗೆ ಇಳಿದರೂ, ಸಾಗಿಸುವ ದಾರಿಯಲ್ಲಿಯೇ ಗುಂಡಿನ ಏಟಿನಿಂದ ಸತ್ತನು. ಟೇಲರರು ಸೆರೆಯಲ್ಲಿ ಅವನನ್ನು ಕಂಡುದನ್ನು ಹೇಳುವ ಪುಟಗಳು ಕರುಣರಸದಿಂದ ತುಂಬಿವೆ, ಅಲ್ಲಿ ಕೃತಕತೆಯಿಲ್ಲ. ಆದರೆ ಈ ಮರಣಕ್ಕೆ ಅವರು ಕಟ್ಟುವ ಚೌಕಟ್ಟು ಜಾತಕದ್ದು: ಅರಸನು 24ನೆಯ ವಯಸ್ಸಿನಲ್ಲಿ ಅಳಿಯುವನೆಂದು ರಾಣಿ ಈಶ್ವರಮ್ಮನು ಬಹಳ ಹಿಂದೆಯೇ ತಮಗೆ ಗುಟ್ಟಾಗಿ ತಿಳಿಸಿದ್ದಳೆಂದೂ, ಹಾಗೆಯೇ ಆಯಿತೆಂದೂ ಅವರು ಬರೆದಿದ್ದಾರೆ. ಜ್ಯೋತಿಷವು ಪ್ರಮಾಣವೋ ಅಲ್ಲವೋ ಎಂಬ ವಾದವು ಇಲ್ಲಿ ಬೇಡ. ಫಲವನ್ನು ಕಂಡಮೇಲೆ ಅಚ್ಚಾದ ಭವಿಷ್ಯವಾಣಿಯಿದು ಎಂಬುದಷ್ಟೇ ಸಾಕು. ಇದರ ಪರಿಣಾಮವನ್ನು ನೋಡಿರಿ: ವಿಧಿಯೇ ಕಾರಣವಾದಾಗ ಸಂಸ್ಥಾನದ ಸಾಲ, ರೆಸಿಡೆಂಟರ ಒತ್ತಡ, ಆ ವರ್ಷಗಳ ದೇಶವ್ಯಾಪಿಯಾದ ಕ್ಷೋಭೆ, ಅರಸನ ಸ್ವಂತ ಸಂಕಲ್ಪ ಇವೆಲ್ಲವೂ ಹಿಂದೆ ಸರಿಯುತ್ತವೆ. 1860ರಲ್ಲಿ ಸುರಪುರವು ನಿಜಾಮರ ಪಾಲಾದುದು ಯಾವ ಜಾತಕದಲ್ಲಿ ಬರೆದಿತ್ತು? ಮೋರೇರ ಕಥೆಯನ್ನು ಐತಿಹ್ಯವೆಂದು ಬೇರೆಯಿಟ್ಟ ಲೇಖನಿಯು ಇಲ್ಲಿ ಆ ಎಚ್ಚರವನ್ನು ಕಳೆದುಕೊಂಡಿದೆ.

ಏಕೆಂದರೆ ಇಲ್ಲಿ ಬರೆದವರು ಕಾದಂಬರಿಕಾರರು. ಚಾಂದಬೀಬಿಯನ್ನು ಕುರಿತು ಅವರು ಬರೆದು 1878ರಲ್ಲಿ ಪ್ರಕಟವಾದ ಕಾದಂಬರಿಯಲ್ಲಿ ಕೃಷ್ಣೆಯ ಪ್ರವಾಹ, ಜಲದುರ್ಗ, ಮುದಗಲ್ಲು ಇವೆಲ್ಲ ಬರುತ್ತವೆ. ಅಲ್ಲಿ ವಿಧಿಯು ಎಷ್ಟು ಆಡಿದರೂ ದೋಷವಿಲ್ಲ. ಕವಿಗೆ ಆ ಸ್ವಾತಂತ್ರ್ಯವನ್ನು ನಮ್ಮ ಆಲಂಕಾರಿಕರೇ ಕೊಟ್ಟಿದ್ದಾರೆ. ಚರಿತ್ರೆಗೆ ಅದೇ ಸ್ವಾತಂತ್ರ್ಯವು ಸಲ್ಲದು.

ಇದರೊಡನೆ ಇನ್ನೊಬ್ಬ ಪರದೇಶೀಯರ ಕೆಲಸವನ್ನು ತೂಗಿ ನೋಡಬಹುದು. 1857ರಲ್ಲಿ ನಿರಾಯುಧೀಕರಣವನ್ನು ಎದುರಿಸಿದ ಹಲಗಲಿಯ ಬೇಡರ ಲಾವಣಿಯನ್ನು ಫ್ಲೀಟರು ಸಂಗ್ರಹಿಸಿ ಅಚ್ಚುಹಾಕಿಸಿದರು. ಅವರೂ ಬ್ರಿಟಿಷ್ ಅಧಿಕಾರಿಗಳೇ. ಆದರೂ ಅಲ್ಲಿ ಬೇಡರ ಸೋಲನ್ನು ಕನ್ನಡವೇ ಹಾಡುತ್ತದೆ. ಟೇಲರರಲ್ಲಿ ಬೇಡ ಅರಸನ ಸೋಲನ್ನು ಅವನ "ಅಪ್ಪ"ನು ಹೇಳುತ್ತಾನೆ. ಆತ್ಮಚರಿತ್ರೆಯನ್ನು ತರಗತಿಯಲ್ಲಿ ಓದಿಸುವ ಅಧ್ಯಾಪಕರು ಈ ಎರಡನ್ನೂ ಒಟ್ಟಿಗೆ ಇಟ್ಟು ಓದಿಸಿದರೆ ಒಳ್ಳೆಯದು. ಕೆರೆಗೂ ಕಲ್ಲಿಗೂ ಟೇಲರರನ್ನು ಸಾಕ್ಷಿಯಾಗಿ ಕರೆಯೋಣ. ವೆಂಕಟಪ್ಪನಾಯಕನು ಏಕೆ ಎದ್ದನೆಂಬುದಕ್ಕೆ ಬೇರೆ ಸಾಕ್ಷಿಗಳನ್ನು ಹುಡುಕುವುದು ನಮ್ಮ ಮೇಲಿರುವ ಹೊಣೆ.