ಹುಕ್ಕೇರಿಯಿಂದ ಮೂಡಲಗಿಗೆ: ಒಂದು ಪಾದಯಾತ್ರೆಯ ಸಂಕಲ್ಪ

ನಡಿಗೆಯನ್ನು ಒಂದು ಕಲೆಯೆಂದು ಭಾವಿಸಿ ಅದರ ಗುಣಾವಗುಣಗಳನ್ನು ವಾರವಾರವೂ ಈ ಅಂಕಣದಲ್ಲಿ ವಿಚಾರಿಸುತ್ತ ಬಂದಿರುವ ನನ್ನ ಮನಸ್ಸನ್ನು ಈಚೆಗೆ ಒಂದು ಸಂಕಲ್ಪವು ಬಿಡದೆ ಹಿಡಿದುಕೊಂಡಿದೆ. ಬೆಳಗಾವಿ ಜಿಲ್ಲೆಯ ಹುಕ್ಕೇರಿಯಿಂದ ಹೊರಟು, ಘಟಪ್ರಭೆಯ ಸಾಮೀಪ್ಯವನ್ನು ಆದಷ್ಟೂ ಬಿಡದೆ, ಗೋಕಾಕವನ್ನು ಹಾದು ಮೂಡಲಗಿಯನ್ನು ಸೇರುವ ಪಾದಯಾತ್ರೆಯೊಂದನ್ನು ಏರ್ಪಡಿಸಬೇಕು. ದಾರಿಯಲ್ಲಿ ಸಿಕ್ಕ ಹಳ್ಳಿಗಳಲ್ಲೆಲ್ಲ ರಿಸರ್ವ್ ಬ್ಯಾಂಕಿನ ಡಿಜಿಟಲ್ ರೂಪಾಯಿಯನ್ನು ಜನರಿಗೆ ಪರಿಚಯಿಸಬೇಕು. ಆ ಹೊಸ ದ್ರವ್ಯದ ಮೂಲಕವೇ ದಾನವನ್ನು ಸಂಗ್ರಹಿಸಿ ಈ ಮೂರು ತಾಲೂಕುಗಳ ಬಡ ಮಕ್ಕಳ ಪ್ರೌಢಶಾಲೆಯ ಓದಿಗೆ ಒಪ್ಪಿಸಬೇಕು. ದೂರವು ಬಹಳವಲ್ಲ, 60 ಕಿಲೋಮೀಟರಿನ ಆಸುಪಾಸು. ನಾಲ್ಕು ದಿನಗಳಲ್ಲಿ ನಡೆದು ಮುಗಿಸಬಹುದು. ಆದರೆ ಅವಸರಪಟ್ಟು ನಡೆದರೆ ಯಾತ್ರೆಯ ಅರ್ಥವೇ ಹೋಗುವುದರಿಂದ ನಾನು ಏಳು ದಿನಗಳನ್ನು ಕೇಳುತ್ತೇನೆ.

ಕಣ್ಣೆವೆ ಇಕ್ಕುವಷ್ಟರಲ್ಲಿ ಊರಿಂದೂರಿಗೆ ಹಾರುವ ಹಣವನ್ನು ಪ್ರಚಾರಪಡಿಸುವುದಕ್ಕೆ ಮನುಷ್ಯನು ಕಾಲು ಸವೆಸಬೇಕೇಕೆ ಎಂದು ಕೇಳುವವರು ಇದ್ದೇ ಇರುತ್ತಾರೆ. ಹಣವು ಬೇಗ ಹೋಗಬಹುದು, ಆದರೆ ಹಣದ ಮೇಲಿನ ವಿಶ್ವಾಸವು ಬೇಗ ಹೋಗುವುದಿಲ್ಲ. ನಮ್ಮ ಸಂತೆಗಳಲ್ಲಿ ಇಂದು ಕೊತ್ತಂಬರಿ ಮಾರುವವರ ಗೋಣಿತಾಟಿನ ಮೇಲೂ ಕ್ಯೂಆರ್ ಕೋಡಿನ ಫಲಕವಿದೆ, ಬಂದ ಮೊತ್ತವನ್ನು ಕೂಗಿ ಹೇಳುವ ಡಬ್ಬಿಯಿದೆ. ಗೋಕಾಕದ ಕಡೆಯ ಮುದುಕಿಯೊಬ್ಬಳು ಆ ಡಬ್ಬಿಯನ್ನು ತೋರಿಸಿ ನನಗೆ ಹೇಳಿದ ಮಾತು ಈಗಲೂ ಕಿವಿಯಲ್ಲಿದೆ: “ರೊಕ್ಕ ಕೈಗೆ ಬರೂದುಲ್ಲ, ಕಣ್ಣಿಗೆ ಕಾಣೂದುಲ್ಲ. ಡಬ್ಬಿ ಹೇಳ್ತೈತಿ, ನಾ ನಂಬ್ತೀನಿ. ಡಬ್ಬಿ ಕೆಟ್ಟ ದಿನಾ ಯಾರ್ನ ಕೇಳ್ಲಿ ನನ್ನಪ್ಪಾ?” ಈ ಪ್ರಶ್ನೆಗೆ ಜಾಹೀರಾತು ಉತ್ತರ ಕೊಡಲಾರದು, ದೂರವಾಣಿಯಲ್ಲಿ ಬರುವ ಸಂದೇಶವೂ ಕೊಡಲಾರದು; ಆಕೆಯ ಎದುರಿಗೆ ಕುಳಿತು, ಆಕೆಯ ಮಾತನ್ನು ಪೂರ್ತಿ ಕೇಳಿ, ಆಕೆಯದೇ ಕೈಯಲ್ಲಿ ಒಂದು ಸಲ ಮಾಡಿಸಿ ತೋರಿಸುವ ಮನುಷ್ಯನು ಬೇಕು. ಅಂಥ ಮನುಷ್ಯನು ಕಾರಿನಿಂದ ಇಳಿದು ಬಂದರೆ ಏನನ್ನೋ ಮಾರಲು ಬಂದವನೆಂಬ ಶಂಕೆ ಹುಟ್ಟುತ್ತದೆ. ಧೂಳುಗಾಲಿನಲ್ಲಿ ಬಂದವನಿಗೆ ಮೊದಲು ನೀರು ಸಿಕ್ಕುತ್ತದೆ, ಆಮೇಲೆ ಮಾತು.

ಯಾವ ಡಿಜಿಟಲ್ ನಾಣ್ಯ ಎಂಬುದನ್ನು ಮೊದಲೇ ನಿಶ್ಚಯಿಸಿಕೊಳ್ಳತಕ್ಕದ್ದು. ಬಿಟ್‌ಕಾಯಿನ್ ಮೊದಲಾದವುಗಳ ಪ್ರಚಾರವು ಈ ಯಾತ್ರೆಯದಲ್ಲ. ಬೆಳಿಗ್ಗೆ ಕೊಟ್ಟ ದಾನದ ಬೆಲೆ ಸಂಜೆಗೆ ಬೇರೆಯಾಗುವಂಥ, ತೀರಿಸುವ ಹೊಣೆಯನ್ನು ಯಾರೂ ಹೊರದಂಥ ವಸ್ತುವನ್ನು ಬಡವರ ಮನೆಯ ಬಾಗಿಲಿಗೆ ಒಯ್ಯುವುದು ಧರ್ಮವಲ್ಲವೆಂದು ನಾನು ನಂಬಿದ್ದೇನೆ. ನಾನು ಹೇಳುವುದು 2022ರ ಡಿಸೆಂಬರ್ 1ರಂದು ನಮ್ಮ ಬೆಂಗಳೂರು ಸೇರಿದಂತೆ ನಾಲ್ಕು ನಗರಗಳಲ್ಲಿ ಜನಸಾಮಾನ್ಯರ ಬಳಕೆಗಾಗಿ ಪ್ರಾಯೋಗಿಕವಾಗಿ ಆರಂಭವಾದ ಇ-ರೂಪಾಯಿಯನ್ನು. 2016ರಿಂದ ನಾವು ಬಳಸುತ್ತಿರುವ ಯುಪಿಐ ಒಂದು ಖಾತೆಯಿಂದ ಇನ್ನೊಂದು ಖಾತೆಗೆ ಹಣವನ್ನು ಸಾಗಿಸುವ ಮಾರ್ಗವೇ ಹೊರತು ತಾನೇ ಹಣವಲ್ಲ. ಇ-ರೂಪಾಯಿಯಾದರೋ ಜೇಬಿನ ನೋಟಿನಂತೆಯೇ ರಿಸರ್ವ್ ಬ್ಯಾಂಕು ನೇರವಾಗಿ ಹೊಣೆ ಹೊತ್ತ ಹಣ. ನೋಟುನಾಣ್ಯಗಳ ಮುಖಬೆಲೆಗಳಲ್ಲಿಯೇ ಅದು ಫೋನಿನ ಕೈಚೀಲದಲ್ಲಿ ಇರುತ್ತದೆ. ನೋಟಿಗೆ ಹೇಗೋ ಹಾಗೆ ಅದಕ್ಕೂ ಬಡ್ಡಿ ಹುಟ್ಟುವುದಿಲ್ಲ. ಇಷ್ಟನ್ನು ಬಿಡಿಸಿ ಹೇಳುವುದಕ್ಕೆ ಒಂದು ಕಟ್ಟೆ, ಒಂದು ಸಂಜೆ ಸಾಕು. ಅದಕ್ಕೂ ಮೊದಲು ಹೇಳಬೇಕಾದ ಮಾತು ಬೇರೊಂದಿದೆ. ಹಣವನ್ನು ಪಡೆಯುವುದಕ್ಕೆ ಪಿನ್ ಒತ್ತಬೇಕಾಗಿಲ್ಲ. ಒತ್ತಿರೆಂದು ಹೇಳುವವನು ಕಳ್ಳ. ಮೋಸಹೋದ ಕೂಡಲೆ 1930ಕ್ಕೆ ಕರೆ ಮಾಡಬೇಕು. ಉಪ್ಪಿನ ಸತ್ಯಾಗ್ರಹದ ವರ್ಷವೂ ಅದೇ ಆದುದರಿಂದ ಹಿರಿಯರಿಗೆ ಈ ಸಂಖ್ಯೆಯನ್ನು ನೆನಪಿಡುವುದು ಕಷ್ಟವಾಗಲಾರದು.

ಆ ಸತ್ಯಾಗ್ರಹದ ಹೆಸರು ಬಂದುದರಿಂದ ಯಾತ್ರೆಯ ಸಿದ್ಧತೆಯನ್ನು ಕುರಿತು ಒಂದು ಮಾತು ಹೇಳದೆ ಮುಂದುವರಿಯಲಾರೆ. 1930ರ ಮಾರ್ಚ್ 12ರಂದು ಸಾಬರಮತಿಯಿಂದ ಹೊರಟ ಗಾಂಧೀಜಿಯವರ ತಂಡದಲ್ಲಿ ನಮ್ಮ ಮೋಟೆಬೆನ್ನೂರಿನ ಮೈಲಾರ ಮಹಾದೇವಪ್ಪನವರಿದ್ದರೆಂಬುದನ್ನು ಕನ್ನಡಿಗರೆಲ್ಲರೂ ಬಲ್ಲರು. ಆದರೆ ಆ ನಡಿಗೆಯ ಹಿಂದೆ ಎಷ್ಟು ಸೂಕ್ಷ್ಮವಾದ ಯೋಜನೆಯಿತ್ತೆಂಬುದನ್ನು ಪಾದಯಾತ್ರೆಗಳನ್ನು ಏರ್ಪಡಿಸುವ ಇಂದಿನವರು ಗಮನಿಸಿದಂತಿಲ್ಲ. ತಂಡಕ್ಕಿಂತ ಮುಂದಾಗಿ ವಿದ್ಯಾರ್ಥಿಗಳ ಒಂದು ತುಕಡಿ ಹೋಗಿ ಹಳ್ಳಿಗಳನ್ನು ಸಿದ್ಧಪಡಿಸುತ್ತಿತ್ತು. ಊರಿನವರು ಸಾದಾ ಊಟಕ್ಕಿಂತ ಹೆಚ್ಚಿನದೇನನ್ನೂ ಕೊಡಕೂಡದೆಂಬ ನಿಯಮವಿತ್ತು. ಸೋಮವಾರ ನಡಿಗೆಗೆ ಬಿಡುವು. ಹೀಗಿದ್ದೂ ಸೂರತ್ ಜಿಲ್ಲೆಯ ಭಟಗಾಂವದಲ್ಲಿ, ತಂಡಕ್ಕಾಗಿ ಪೇಟೆಯಿಂದ ಹಾಲು ತರಿಸಿದುದನ್ನೂ ಬಡ ಕೂಲಿಯವನ ತಲೆಯ ಮೇಲೆ ಭಾರವಾದ ದೀಪವನ್ನು ಹೊರಿಸಿದುದನ್ನೂ ಕಂಡು ಗಾಂಧೀಜಿ ತುಂಬಿದ ಸಭೆಯಲ್ಲಿಯೇ ತಮ್ಮನ್ನೂ ತಮ್ಮವರನ್ನೂ ಕಠೋರವಾಗಿ ವಿಮರ್ಶಿಸಿಕೊಂಡರು. ದಾನದ ಹೆಸರಿನಲ್ಲಿ ಹೊರಡುವ ಪ್ರತಿಯೊಂದು ತಂಡವೂ ಹೊರಡುವ ಮುನ್ನ ಈ ಪ್ರಸಂಗವನ್ನು ಓದತಕ್ಕದ್ದೆಂದು ನನ್ನ ಅಭಿಪ್ರಾಯ. ನಮ್ಮ ತಂಡ ಹನ್ನೆರಡು ಜನರನ್ನು ಮೀರಬಾರದು. ಊಟದ ವೆಚ್ಚ ನಡೆಯುವವರದೇ. ಸಂಗ್ರಹವಾದ ದಾನದಲ್ಲಿ ಒಂದು ಪೈಸೆಯೂ ಬ್ಯಾನರಿಗೆ, ಟೀಶರ್ಟಿಗೆ, ಹಾರತುರಾಯಿಗೆ ಹೋಗಕೂಡದು.

ಕಾಲದ ಆಯ್ಕೆಯಲ್ಲಿ ಈ ಸೀಮೆಯ ಸ್ವಭಾವವನ್ನು ಬಲ್ಲವರ ಮಾತೇ ಪ್ರಮಾಣ. ಆಷಾಢ ಶ್ರಾವಣಗಳಲ್ಲಿ ಗೋಕಾಕ ಜಲಪಾತವು 52 ಮೀಟರಿನ ಬಂಡೆಯಿಂದ ಕೆಂಪಾಗಿ ಮೈದುಂಬಿ ಧುಮುಕುವ ನೋಟಕ್ಕೆ ಎಣೆಯಿಲ್ಲವೆಂಬುದು ನಿಜ. ಆದರೆ ಅದೇ ನೀರು 2019ರ ಆಗಸ್ಟಿನಲ್ಲಿ ಗೋಕಾಕದ ಓಣಿಗಳಿಗೆ ನುಗ್ಗಿ ಎಷ್ಟೋ ಸಂಸಾರಗಳನ್ನು ಬೀದಿಗೆ ತಂದಿತು, ಲೋಳಸೂರಿನ ಸೇತುವೆಯನ್ನು ಮುಳುಗಿಸಿತು. ಮಳೆಗಾಲ ಬೇಡ. ದೀಪಾವಳಿ ಕಳೆದು ಕಾರ್ಖಾನೆಗಳು ಕಬ್ಬು ನುರಿಸತೊಡಗಿದ ಮೇಲೆ, ಎರಡೆರಡು ಟ್ರೇಲರುಗಳನ್ನು ಎಳೆದುಕೊಂಡು ರಾತ್ರಿ ಹಗಲೆನ್ನದೆ ಓಡಾಡುವ ಟ್ರ್ಯಾಕ್ಟರುಗಳ ನಡುವೆ ಕಾಲುದಾರಿಯಿಲ್ಲದ ರಸ್ತೆಯ ಅಂಚಿನಲ್ಲಿ ನಡೆಯುವುದು ಪ್ರಾಣಕ್ಕೆ ಎರವಾದ ಸಾಹಸ. ಉಳಿದುದು ದಸರೆಗೂ ದೀಪಾವಳಿಗೂ ನಡುವಣ ಅವಧಿ. ಆಗ ಹೊಳೆ ಶಾಂತವಾಗಿರುತ್ತದೆ, ಗಾಳಿ ಹಿತವಾಗಿರುತ್ತದೆ, ಮತ್ತು ಎಲ್ಲಕ್ಕಿಂತ ಮಿಗಿಲಾಗಿ ಶೀಗಿ ಹುಣ್ಣಿಮೆ ಬರುತ್ತದೆ. ಅಂದು ಮನೆಮಂದಿಯೆಲ್ಲ ಹೊಲಕ್ಕೆ ಹೋಗಿ ಭೂತಾಯಿಗೆ ಚರಗ ಚೆಲ್ಲಿ, ಬದುವಿನ ಮೇಲೆ ಬುತ್ತಿ ಬಿಚ್ಚಿ, ದಾರಿಯಲ್ಲಿ ಹೋಗುವವರನ್ನು ಕರೆದು ಉಣಿಸುವ ಪದ್ಧತಿಯಿದೆ. ಅದನ್ನು ನಿರಾಕರಿಸುವುದು ಅಪಚಾರ. ಆ ಒಂದು ದಿನ ಮಾತ್ರ ತಂಡದ ನಿಯಮವನ್ನು ಸಡಲಿಸಬಹುದು. ಉಳಿದ ದಿನಗಳಿಗೆ ಕಟಕ ರೊಟ್ಟಿ, ಶೇಂಗಾ ಚಟ್ನಿ, ಮತ್ತು ಗೋಕಾಕದ ಕರದಂಟು. ತುಪ್ಪದಲ್ಲಿ ಹುರಿದ ಅಂಟು, ಕೊಬ್ಬರಿ, ಉತ್ತತ್ತಿ, ಗೋಡಂಬಿಗಳನ್ನು ಬೆಲ್ಲದ ಪಾಕದಲ್ಲಿ ಹದವಾಗಿ ಕೂಡಿಸಿದ ಈ ತಿನಿಸಿಗೆ ಸಮನಾದ ದಾರಿಬುತ್ತಿಯನ್ನು ನಾನು ಎಲ್ಲಿಯೂ ಕಂಡಿಲ್ಲ. ಪೇಟೆಯ ಪೊಟ್ಟಣಗಳಲ್ಲಿ ಬರುವ ಶಕ್ತಿವರ್ಧಕ ಪಟ್ಟಿಗಳು ಅದರ ಮುಂದೆ ನಿಲ್ಲಲಾರವು.

ಪಾದರಕ್ಷೆಯ ವಿಷಯದಲ್ಲಿ ನನಗೆ ಪಕ್ಷಪಾತವಿದೆ. ಅಥಣಿ ನಿಪ್ಪಾಣಿಗಳ ಕಡೆ ಹೊಲಿಯುವ, ಕೊಲ್ಹಾಪುರಿಯೆಂದು ಲೋಕವು ಕರೆಯುವ, 2019ರಲ್ಲಿ ಮಹಾರಾಷ್ಟ್ರದ ನಾಲ್ಕು ಮತ್ತು ಕರ್ನಾಟಕದ ನಾಲ್ಕು ಜಿಲ್ಲೆಗಳಿಗೆ ಜಂಟಿಯಾಗಿ ಭೌಗೋಳಿಕ ಗುರುತನ್ನು ಪಡೆದ ಕಾಲ್ಮರಿಗಳು, ಎಣ್ಣೆ ಹಚ್ಚಿ ತಿಂಗಳೊಪ್ಪತ್ತು ಮೆಟ್ಟಿ ಪಳಗಿಸಿದರೆ ಒಣನೆಲದಲ್ಲಿ ಕಾಲನ್ನು ತಾಯಿಯಂತೆ ಕಾಯುತ್ತವೆ; ಹೊಸದನ್ನೇ ಮೆಟ್ಟಿ ಹೊರಟವನನ್ನು ಮೊದಲ ಹಗಲೇ ಕಚ್ಚುತ್ತವೆ. ಎರೆಹೊಲದ ಹಸಿಯಲ್ಲಿ ಅವು ಸಲ್ಲವು. ಒಂದು ಜೊತೆ ಬೂಟು ಚೀಲದಲ್ಲಿರಲಿ.

ಹುಕ್ಕೇರಿಯಿಂದಲೇ ಏಕೆ ಹೊರಡಬೇಕೆಂದರೆ, ಹೊಸತನ್ನು ತಮ್ಮದಾಗಿಸಿಕೊಳ್ಳುವ ಬಗೆಯನ್ನು ಆ ಊರಿನವರು ಬಹಳ ಹಿಂದೆಯೇ ತೋರಿಸಿದ್ದಾರೆ. 1969ರಲ್ಲಿ ಅಲ್ಲಿ ಸ್ಥಾಪಿತವಾದ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘವು ಹಳ್ಳಿಗರನ್ನೇ ಸದಸ್ಯರನ್ನಾಗಿ ಮಾಡಿಕೊಂಡು ಮನೆಮನೆಗೆ ಬೆಳಕನ್ನು ಕೊಟ್ಟಿತು. ಆದಿಲಶಾಹಿ ಕಾಲದ ಗುಮ್ಮಟಗಳ ನೆರಳಿನಿಂದ ಹೊರಟು ಹೊಳೆಯ ದಿಕ್ಕು ಹಿಡಿದರೆ ಘೋಡಗೇರಿ. ಅಲ್ಲಿಂದ ಮುಂದೆ, 1929ರಲ್ಲಿ ಡಾ. ಕೊಕಟನೂರ, ಡಾ. ನಾ. ಸು. ಹರ್ಡೀಕರ ಮೊದಲಾದವರು ಕಟ್ಟಿದ ಆರೋಗ್ಯಧಾಮವಿರುವ ಘಟಪ್ರಭಾ, ಆಮೇಲೆ 1887ರಿಂದ ಜಲಪಾತದ ನೀರಿನ ಬಲದಿಂದ ನೂಲು ತೆಗೆದ ಗಿರಣಿಯ ಊರು, ಆಮೇಲೆ ಗೋಕಾಕ.

ಘೋಡಗೇರಿಯಲ್ಲಿ ಮಾತ್ರ ಒಂದು ರಾತ್ರಿ ಪೂರ್ತಿಯಾಗಿ ತಂಗಬೇಕು. 1937ರಲ್ಲಿ ಅಲ್ಲಿ ಹುಟ್ಟಿದ ಚಂದ್ರಶೇಖರ ಕಂಬಾರರು ಬಡತನದ ದೆಸೆಯಿಂದ ಓದನ್ನು ನಿಲ್ಲಿಸಬೇಕಾಗಿ ಬಂದಾಗ ಸಾವಳಗಿ ಮಠದ ಸಿದ್ಧರಾಮ ಸ್ವಾಮಿಗಳು ಅವರ ಪ್ರೌಢಶಾಲೆಯ ವೆಚ್ಚವನ್ನೆಲ್ಲ ವಹಿಸಿಕೊಂಡರು. ಮುಂದೆ ಆ ಹುಡುಗನು ಕನ್ನಡಕ್ಕೆ ಜ್ಞಾನಪೀಠವನ್ನು ತಂದನು. ನಮ್ಮ ಯಾತ್ರೆಯ ದಾನವು ಪ್ರೌಢಶಾಲೆಯ ಮಕ್ಕಳಿಗೇ ಸಲ್ಲಬೇಕೆಂದು ನಾನು ಹಟ ಹಿಡಿದಿರುವುದಕ್ಕೆ ಇದೇ ಕಾರಣ.

ಇಲ್ಲಿಯೇ ನನ್ನನ್ನು ಬಹಳ ದಿನ ಕಾಡಿದ ಪ್ರಶ್ನೆಯೊಂದು ಎದುರಾಗುತ್ತದೆ. 2024ರ ಫೆಬ್ರವರಿಯಲ್ಲಿ ರಿಸರ್ವ್ ಬ್ಯಾಂಕು ಇ-ರೂಪಾಯಿಗೆ ಎರಡು ಗುಣಗಳನ್ನು ಸೇರಿಸುವ ವಿಚಾರವನ್ನು ಪ್ರಕಟಿಸಿತು: ಅಂತರ್ಜಾಲದ ಸಂಪರ್ಕವಿಲ್ಲದ ಕಡೆಯಲ್ಲಿಯೂ ಅದು ಕೈಬದಲಾಗಬೇಕು, ಮತ್ತು ಇಂಥ ಕಾರ್ಯಕ್ಕೇ ವೆಚ್ಚವಾಗಬೇಕೆಂದು ಹಣದೊಳಗೇ ಕಟ್ಟುಪಾಡನ್ನು ಇರಿಸಲು ಬರಬೇಕು. ಎರಡನೆಯದನ್ನು ಕೇಳಿದೊಡನೆ ದಾನಸಂಸ್ಥೆಗಳವರ ಕಣ್ಣು ಅರಳುವುದು ಸಹಜ. ಪುಸ್ತಕಕ್ಕೆಂದು ಕೊಟ್ಟ ಹಣ ಪುಸ್ತಕದಂಗಡಿಯಲ್ಲಿ ಮಾತ್ರ ಸಲ್ಲುತ್ತದೆ, ತಂದೆಯ ದುಶ್ಚಟಕ್ಕೆ ಸೋರಿಹೋಗುವುದಿಲ್ಲ. ಈ ಗುಣವನ್ನು ನಾನು ಹಳಿಯುವವನಲ್ಲ. ಸರಕಾರದ ಸಹಾಯಧನಕ್ಕೆ ಅದು ಒಪ್ಪಬಹುದು. ಆದರೆ ಒಬ್ಬರು ಇನ್ನೊಬ್ಬರಿಗೆ ಮನಸಾರೆ ಕೊಡುವ ದಾನಕ್ಕೆ ಬೀಗ ಹಾಕಿ ಕೊಟ್ಟರೆ, ತೆಗೆದುಕೊಳ್ಳುವವನನ್ನು ಕೊಡುವ ಮುನ್ನವೇ ಸಂಶಯಿಸಿದಂತಾಗುವುದಿಲ್ಲವೆ? ಓದುವ ಹುಡುಗಿಗೆ ಒಂದು ದಿನ ಪುಸ್ತಕಕ್ಕಿಂತ ಚಪ್ಪಲಿ ಹೆಚ್ಚು ಬೇಕಾಗಬಹುದು, ಇನ್ನೊಂದು ದಿನ ತಾಯಿಯ ಔಷಧ ಬೇಕಾಗಬಹುದು. ಅದನ್ನು ಬಲ್ಲವರು ಆಕೆಯೂ ಆಕೆಯ ಗುರುಗಳೂ ಹೊರತು ಫೋನಿನೊಳಗಿನ ಕಟ್ಟುಪಾಡಲ್ಲ. ಆದಕಾರಣ ನಮ್ಮ ದಾನಕ್ಕೆ ಬೀಗ ಬೇಡವೆಂದು ನಾನು ನಿಶ್ಚಯಿಸಿದ್ದೇನೆ. ಬೀಗದ ಬದಲು ಪ್ರತಿ ಊರಿನಲ್ಲಿ ಇಬ್ಬರು ಶಿಕ್ಷಕರು ಮಕ್ಕಳ ಯೋಗಕ್ಷೇಮವನ್ನು ವರ್ಷವಿಡೀ ವಿಚಾರಿಸುತ್ತಿರಲಿ. ಅಂಥ ಶಿಕ್ಷಕರನ್ನು ಹುಡುಕಿ ಒಪ್ಪಿಸುವುದಕ್ಕೂ ನಡಿಗೆಯೇ ಬೇಕು.

ವಿನೋಬಾರು 1951ರ ಏಪ್ರಿಲ್ 18ರಂದು ಪೋಚಂಪಳ್ಳಿಯಲ್ಲಿ ಮೊದಲ ಭೂದಾನವನ್ನು ಪಡೆದ ಮೇಲೆ ವರ್ಷಗಟ್ಟಲೆ ನಡೆದುದು ಕೊಡುವವನನ್ನು ಅವನ ಊರಿನಲ್ಲಿಯೇ ಕಾಣಬೇಕೆಂಬ ಹಂಬಲದಿಂದ. ಅವರು ಪವನಾರದಲ್ಲಿ ಕಾಂಚನಮುಕ್ತಿಯ ಪ್ರಯೋಗವನ್ನು ನಡೆಸಿ ಹಣದ ಹಂಗನ್ನೇ ತೊರೆಯಲು ಯತ್ನಿಸಿದವರು. ಹಣಕ್ಕಾಗಿ ನಡೆಯುವ ನಾವು ಅವರ ಹೆಸರನ್ನು ಹೇಳಬಹುದೆ ಎಂದು ಯಾರಾದರೂ ಕೇಳಿದರೆ, ಹಣವನ್ನು ತೊರೆಯುವ ಶಕ್ತಿ ನಮಗಿಲ್ಲ, ಅದನ್ನು ಶುಚಿಯಾಗಿ ಹಿಡಿಯುವ ಶಕ್ತಿಯನ್ನಾದರೂ ಕಲಿಯೋಣ ಎಂದಷ್ಟೇ ಹೇಳಬಲ್ಲೆ.

ಶುಚಿಯೆಂದರೆ ಲೆಕ್ಕ. ದಾನವು ಯಾರೊಬ್ಬರ ಸ್ವಂತ ಫೋನಿಗೂ ಬರಕೂಡದು. ನೋಂದಾಯಿತ ಟ್ರಸ್ಟಿನ ಹೆಸರಿನಲ್ಲಿಯೇ ಬರಬೇಕು. ದಾನಿಗಳಿಗೆ ಸಿಗುವ ಆದಾಯ ತೆರಿಗೆಯ ವಿನಾಯಿತಿಯು ಎರಡು ಸಾವಿರ ರೂಪಾಯಿಗೆ ಮೀರಿದ ನಗದು ದಾನಕ್ಕೆ ದೊರೆಯುವುದಿಲ್ಲವೆಂಬುದನ್ನು ವ್ಯಾಪಾರಸ್ಥರಿಗೆ ತಿಳಿಸಿದರೆ ಅವರೇ ಫೋನು ತೆಗೆಯುತ್ತಾರೆ. ಪರದೇಶಗಳಲ್ಲಿರುವ ನಮ್ಮ ಸೀಮೆಯ ಮಕ್ಕಳಲ್ಲಿ ಭಾರತದ ಪೌರತ್ವವನ್ನು ಉಳಿಸಿಕೊಂಡವರು ತಮ್ಮ ಉಳಿತಾಯದಿಂದ ಕೊಡಬಹುದು. ಬೇರೆ ದೇಶದ ಪೌರರಾದವರಿಂದ, ಟ್ರಸ್ಟಿಗೆ ವಿದೇಶಿ ದೇಣಿಗೆಯ ಅನುಮತಿಯಿಲ್ಲದೆ, ಒಂದು ರೂಪಾಯಿಯನ್ನೂ ಸ್ವೀಕರಿಸಲಾಗದು. ಬಾಂಧವ್ಯದ ಭರದಲ್ಲಿ ಇದನ್ನು ಮರೆಯಬಾರದು.

ಲೋಳಸೂರಿನ ಸೇತುವೆಯನ್ನು ದಾಟಿ, ಕಲ್ಲೋಳಿ ನಾಗನೂರುಗಳ ದಿಕ್ಕಿನಿಂದ, ಶಿವಬೋಧರಂಗರ ಮೂಡಲಗಿಯನ್ನು ಸೇರುವ ದಿನವು ಅಲ್ಲಿನ ಸಂತೆಯ ದಿನವಾಗಿರಲಿ. ಅಂದು ರಾತ್ರಿ, ಕುಲಗೋಡ ತಮ್ಮಣ್ಣನವರು ರಂಗಕ್ಕೆ ತಂದ ಶ್ರೀಕೃಷ್ಣ ಪಾರಿಜಾತವನ್ನು ಅವರದೇ ಸೀಮೆಯಲ್ಲಿ ಆಡಿಸಬೇಕೆಂದು ನನ್ನ ಆಸೆ. ಆಟದ ನಡುವೆ ಆಯೇರಿ ಮಾಡಿದವರ ಹೆಸರನ್ನು ಕೂಗಿ ಹೇಳುವುದು ಈ ಕಡೆಯ ರೂಢಿ. ಅದು ಕಲಾವಿದರಿಗೆ ಸಲ್ಲುವ ಮರ್ಯಾದೆ, ಹಾಗೆಯೇ ನಡೆಯಲಿ. ಮಕ್ಕಳ ನಿಧಿಗೆ ಕೊಟ್ಟವರ ಹೆಸರು ಮಾತ್ರ ಬೇಡ. ಪಾರಿಜಾತದ ಗೊಲ್ಲತಿಯು ರಂಗಕ್ಕೆ ಬರುವ ಮುನ್ನವೇ, ಹುಕ್ಕೇರಿಯಿಂದ ಅಲ್ಲಿಯವರೆಗೆ ಯಾವ ಊರಿನಲ್ಲಿ ಎಷ್ಟು ಬಂದಿತು, ಎಷ್ಟು ಶಾಲೆಗಳಿಗೆ ಎಷ್ಟೆಷ್ಟು ಸಲ್ಲುವುದು ಎಂಬ ಲೆಕ್ಕವನ್ನು ಒಬ್ಬ ಶಿಕ್ಷಕರು ದೀಪದ ಬೆಳಕಿನಲ್ಲಿ ನಿಂತು ಓದಲಿ, ಕೇಳುವವರು ಸಂಶಯ ಬಂದಲ್ಲಿ ತಡೆದು ಪ್ರಶ್ನಿಸಲಿ. ನಡೆಯುವ ಇಚ್ಛೆಯುಳ್ಳವರು ಶ್ರಾವಣದಿಂದಲೇ ಬೆಳಗಿನ ಜಾವ ಎರಡು ಗಂಟೆಗಳ ನಡಿಗೆಯನ್ನು ಅಭ್ಯಾಸ ಮಾಡತಕ್ಕದ್ದು, ಮನೆಯ ಹಿರಿಯರೊಬ್ಬರಿಗೆ ಇ-ರೂಪಾಯಿಯನ್ನು ತಾಳ್ಮೆಯಿಂದ ಕಲಿಸಿಕೊಟ್ಟಿರತಕ್ಕದ್ದು. ಎರಡನೆಯದನ್ನು ಮಾಡದವರನ್ನು, ಎಷ್ಟೇ ಗಟ್ಟಿ ಕಾಲಿನವರಾದರೂ, ತಂಡಕ್ಕೆ ಸೇರಿಸಿಕೊಳ್ಳಲಾರೆ.