ಪಟ್ಟಿಯ ಪದ, ಪಾಠದ ಪದ

ಚೀನಾದ ಕಾಲೇಜು ಹುಡುಗರಿಗೆ 'ಅಬ್ಯಾಂಡನ್' ಎಂಬ ಇಂಗ್ಲಿಷ್ ಪದ ಚಿರಪರಿಚಿತ. ಅಕ್ಷರಾನುಕ್ರಮದ ಪದಪಟ್ಟಿ ತೆರೆದರೆ ಮೊದಲ ಪುಟದ ನೆತ್ತಿಯಲ್ಲೇ ಅದು ಕೂತಿರುತ್ತದೆ. ಎದುರಿಗೆ ಚೀನೀ ಅರ್ಥ: ಕೈಬಿಡು, ತೊರೆ. ಹೊಸ ಹುರುಪಿನಿಂದ ಪಟ್ಟಿ ಹಿಡಿದು ಕೆಲವೇ ಪುಟಗಳಲ್ಲಿ ಕೈಬಿಟ್ಟವರು ಬಹಳ ಮಂದಿ. ಹಾಗಾಗಿ ಆ ಪದವೇ ಅಲ್ಲಿ ನಗೆಮಾತಾಗಿದೆ. ಪ್ರಕಾಶಕರು ಇದಕ್ಕೆ ಕಂಡುಕೊಂಡ ಉಪಾಯ, ಅವೇ ಪದಗಳ ಅನುಕ್ರಮ ಕಲಸಿದ ಆವೃತ್ತಿ. ಸಾಲು ಬದಲಾಯಿತು, ಪಟ್ಟಿ ಹಾಗೇ ಉಳಿಯಿತು. ಚೀನೀ ಮನೆಮಾತಿನವರಿಗೆ ಉನ್ನತ ಮಟ್ಟದ ಇಂಗ್ಲಿಷ್ ಪದಸಂಪತ್ತು ಕಟ್ಟಿಕೊಡುತ್ತೇವೆ ಎನ್ನುವ ದೊಡ್ಡ ಉದ್ಯಮವೊಂದು ಈ ಪಟ್ಟಿಯ ಮೇಲೆ ನಿಂತಿದೆ. ಅದನ್ನು ಕೂಲಂಕಷವಾಗಿ ನೋಡುವುದು ಅಗತ್ಯ, ಏಕೆಂದರೆ ಕೋಟ್ಯಂತರ ಎಳೆಯರ ದುಡಿಮೆ ಅದಕ್ಕೆ ಸಲ್ಲುತ್ತಿದೆ.

ಪಟ್ಟಿಗಳು ಮೆಟ್ಟಿಲು ಮೆಟ್ಟಿಲಾಗಿವೆ. ಕಾಲೇಜು ಪ್ರವೇಶದ ರಾಷ್ಟ್ರೀಯ ಪರೀಕ್ಷೆ ಗಾವ್‌ಕಾವ್‌ಗೆ ಸುಮಾರು 3,500 ಪದ. 1987ರಲ್ಲಿ ಶುರುವಾದ ಕಾಲೇಜು ಇಂಗ್ಲಿಷ್ ಪರೀಕ್ಷೆಯ ನಾಲ್ಕನೇ ಬ್ಯಾಂಡಿಗೆ ನಾಲ್ಕೂವರೆ ಸಾವಿರದ ಆಸುಪಾಸು, 1989ರ ಆರನೇ ಬ್ಯಾಂಡಿಗೆ ಆರು ಸಾವಿರದ ಆಸುಪಾಸು. ಉನ್ನತ ವ್ಯಾಸಂಗಕ್ಕೆಂದು ಅಮೆರಿಕಕ್ಕೆ ಹೋಗುವವರಿಗೆ ಜಿಆರ್‌ಇ ಪರೀಕ್ಷೆಯ ಪಟ್ಟಿ, ಅದರಲ್ಲಿ ಇನ್ನೂ ಸಾವಿರಾರು. ಈ ಕೊನೆಯ ಮೆಟ್ಟಿಲಿಗೆ ಹೆಸರಾದದ್ದು ಯೂ ಮಿನ್‌ಹೊಂಗ್ ಸಂಕಲಿಸಿದ ಪುಸ್ತಕ. ಗಾವ್‌ಕಾವ್‌ನಲ್ಲಿ ಎರಡು ಸಲ ಫೇಲಾಗಿ ಮೂರನೇ ಸಲ, 1980ರಲ್ಲಿ, ಪೀಕಿಂಗ್ ವಿಶ್ವವಿದ್ಯಾಲಯದ ಇಂಗ್ಲಿಷ್ ವಿಭಾಗ ಸೇರಿದ ರೈತಾಪಿ ಮನೆಯ ಹುಡುಗ ಈತ. ಅಲ್ಲೇ ಮೇಷ್ಟರಾಗಿ, ಕೆಲಸ ಬಿಟ್ಟು, 1993ರಲ್ಲಿ ಬೀಜಿಂಗ್‌ನಲ್ಲಿ 'ನ್ಯೂ ಓರಿಯೆಂಟಲ್' ಕೋಚಿಂಗ್ ಶಾಲೆ ತೆರೆದರು. ಅವರ ಜಿಆರ್‌ಇ ಪದಪುಸ್ತಕಕ್ಕೆ ವಿದ್ಯಾರ್ಥಿಗಳು ಇಟ್ಟ ಹೆಸರು 'ಕೆಂಪು ನಿಧಿಪುಸ್ತಕ'. ಒಂದು ಕಾಲದಲ್ಲಿ ಮಾವೋ ಸೂಕ್ತಿಗಳ ಕಿರುಹೊತ್ತಗೆಗೆ ಇದ್ದ ಹೆಸರೇ ಅದು. ಎಷ್ಟು ಶ್ರದ್ಧೆಯಿಂದ ಅದನ್ನು ಓದುತ್ತಿದ್ದರು ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಪಟ್ಟಿಯನ್ನು ಬರೀ ಗಿಣಿಪಾಠ ಎಂದು ತಳ್ಳಿಹಾಕುವುದು ಅನ್ಯಾಯ. ಚೀನೀ ಕಲಿಯುವವರ ಕಷ್ಟ ನಿಜವಾದದ್ದು. ಕನ್ನಡಿಗನೊಬ್ಬ ಮರಾಠಿಯನ್ನೋ ಹಿಂದಿಯನ್ನೋ ಕಲಿಯಹೊರಟರೆ ಸಂಸ್ಕೃತದ ಬಾಬತ್ತಿನ ಪದಗಳು ಬಿಟ್ಟಿಯಾಗಿ ಸಿಗುತ್ತವೆ. ಸ್ಪೇನ್‌ನವರಿಗೂ ಫ್ರಾನ್ಸ್‌ನವರಿಗೂ ಇಂಗ್ಲಿಷಿನ ಲ್ಯಾಟಿನ್ ಮೂಲದ ಪದಗಳು ಅರ್ಧಕ್ಕರ್ಧ ಮನೆಯವೇ. ಚೀನೀಯರಿಗೆ ಆ ಸೌಲಭ್ಯ ಇಲ್ಲ. ಕಾಫಿ, ಸೋಫಾ, ಲಾಜಿಕ್‌ನಂಥ ಬೆರಳೆಣಿಕೆಯ ಎರವಲು ಬಿಟ್ಟರೆ ಪ್ರತಿ ಪದವನ್ನೂ ಬುಡದಿಂದ ಕಲಿಯಬೇಕು. ಕಾದಂಬರಿಯನ್ನೋ ಪತ್ರಿಕೆಯನ್ನೋ ತಡವರಿಸದೆ ಓದಲು ಎಂಟೊಂಬತ್ತು ಸಾವಿರ ಪದಕುಟುಂಬಗಳು (ಮೂಲಪದ, ಅದರ ರೂಪಗಳು ಸೇರಿ ಒಂದು ಕುಟುಂಬ) ಬೇಕು ಎಂದು ನ್ಯೂಜಿಲೆಂಡಿನ ಭಾಷಾವಿದ್ವಾಂಸ ಪಾಲ್ ನೇಷನ್ 2006ರಲ್ಲಿ ಲೆಕ್ಕ ಹಾಕಿದರು. ತರಗತಿಯ ಪಠ್ಯವೊಂದರಿಂದ ಅಷ್ಟು ದೂರ ಹೋಗಲಾಗದು. ಕೂತು, ಮನಸ್ಸಿಟ್ಟು ಪದ ಕಲಿಯುವುದು ಫಲ ಕೊಡುತ್ತದೆ ಎಂದು ಅದೇ ನೇಷನ್ ಹೇಳುತ್ತಾರೆ. ಮರೆವು ಹೇಗೆ ಇಳಿಜಾರಾಗಿ ಸಾಗುತ್ತದೆಂದು ಜರ್ಮನಿಯ ಎಬ್ಬಿಂಗ್‌ಹೌಸ್ 1885ರಲ್ಲಿ ತೋರಿಸಿದ್ದನ್ನು ಚೀನಾದ ವಿದ್ಯಾರ್ಥಿಗಳಷ್ಟು ಗಂಭೀರವಾಗಿ ತೆಗೆದುಕೊಂಡವರು ಬೇರೆಲ್ಲಿದ್ದಾರೋ ಕಾಣೆ. ಒಂದನೇ ದಿನ, ಎರಡನೇ ದಿನ, ನಾಲ್ಕು, ಏಳು, ಹದಿನೈದು ಎಂದು ಗೆರೆ ಎಳೆದು ಪುನರಾವರ್ತನೆಯ ಕೋಷ್ಟಕ ಮಾಡಿಕೊಳ್ಳುತ್ತಾರೆ. ಇವತ್ತಿನ ಮೊಬೈಲ್ ಆ್ಯಪ್‌ಗಳು ಆ ಲೆಕ್ಕವನ್ನು ತಾವೇ ಇಡುತ್ತವೆ. ಮೊದಲ ಎರಡು ಮೂರು ಸಾವಿರ ಪದಗಳ ಮಟ್ಟಿಗೆ ಈ ಕ್ರಮ ಚೆನ್ನಾಗಿಯೇ ನಡೆಯುತ್ತದೆ.

ನನ್ನ ತಕರಾರು ಅಲ್ಲಿಂದ ಮುಂದಿನದು. ಪಟ್ಟಿಯಲ್ಲಿ ಒಂದು ಇಂಗ್ಲಿಷ್ ಪದಕ್ಕೆ ಒಂದೋ ಎರಡೋ ಚೀನೀ ಪದ ಜೊತೆಯಾಗುತ್ತದೆ, ವ್ಯವಹಾರ ಅಲ್ಲಿಗೆ ಮುಗಿಯುತ್ತದೆ. 'ಅಬ್ಯಾಂಡನ್' ಎದುರಿಗೆ ಬರೆದ 'ಫಾಂಗ್‌ಛಿ' ಎಂಬ ಚೀನೀ ಕ್ರಿಯಾಪದ ಅವಕಾಶಕ್ಕೂ ಸಲ್ಲುತ್ತದೆ. ಹಾಗಾಗಿ ವಿದೇಶಕ್ಕೆ ಹೋಗುವ ಅವಕಾಶವನ್ನು ಬಿಟ್ಟುಕೊಟ್ಟ ಹುಡುಗ 'ಚಾನ್ಸ್' ಅನ್ನು 'ಅಬ್ಯಾಂಡನ್' ಮಾಡಿದೆ ಎಂದು ಬರೆದುಬಿಡುತ್ತಾನೆ. ಇಂಗ್ಲಿಷರು ಮುಳುಗುವ ಹಡಗನ್ನು, ಹೆತ್ತ ಕೂಸನ್ನು, ಕೊನೆಯ ಆಸೆಯನ್ನು ಹಾಗೆ ತೊರೆಯುತ್ತಾರೆ. ಅವಕಾಶವನ್ನು ಸುಮ್ಮನೆ 'ಗಿವ್ ಅಪ್' ಮಾಡುತ್ತಾರೆ. 'ಲರ್ನ್ ನಾಲೆಡ್ಜ್', 'ಓಪನ್ ದ ಲೈಟ್', 'ಬಿಗ್ ರೇನ್' ಎಂಬಂಥ ಪ್ರಯೋಗಗಳೂ ಇದೇ ದಾರಿಯಲ್ಲಿ ಹುಟ್ಟುತ್ತವೆ. ಒಂದೊಂದು ಪದವೂ ಸರಿ, ಕೂಡಿದಾಗ ತಪ್ಪು. ನಾವು ಕಡುಬಡವ ಎನ್ನುತ್ತೇವೆ, ಕಡುಶ್ರೀಮಂತ ಎನ್ನುವುದಿಲ್ಲ. ಆಗರ್ಭ ಶ್ರೀಮಂತ ಎನ್ನುತ್ತೇವೆ, ಆಗರ್ಭ ಬಡವ ಎನ್ನುವುದಿಲ್ಲ. ಕಡು, ಆಗರ್ಭ ಎರಡರ ಅರ್ಥವನ್ನೂ ಪಟ್ಟಿ ಹೇಳಬಲ್ಲದು. ಯಾವುದು ಯಾರ ಜೊತೆ ಹೊಂದುತ್ತದೆ ಎಂಬುದು ಮಾತ್ರ ಪಟ್ಟಿಯ ಹೊರಗೇ ಉಳಿಯುತ್ತದೆ. ಉನ್ನತ ಪದಸಂಪತ್ತು ಎಂದರೆ ಮುಕ್ಕಾಲುಪಾಲು ಈ ಹೊಂದಾಣಿಕೆಯ ಅರಿವೇ.

ಪರೀಕ್ಷೆಯೇ ಇದನ್ನು ಇನ್ನಷ್ಟು ಕೆಡಿಸಿತು. ಗಾವ್‌ಕಾವ್ ಪ್ರಬಂಧದ ಮೌಲ್ಯಮಾಪನ ಸೂಚಿಯಲ್ಲಿ 'ಹೆಚ್ಚು ಉನ್ನತ ಪದಗಳನ್ನು' ಬಳಸಲು ಯತ್ನಿಸಿದವರಿಗೆ ಮನ್ನಣೆ ಇತ್ತು. ಒಳ್ಳೆಯ ಉದ್ದೇಶವೇ. ಆದರೆ ಕೋಚಿಂಗ್ ಪೇಟೆ ಅದನ್ನು ಬದಲಿಪದಗಳ ಪಟ್ಟಿಯಾಗಿ ಇಳಿಸಿತು: 'ಮೆನಿ' ಬರೆಯಬೇಡ, 'ಎ ಪ್ಲೆಥೊರಾ ಆಫ್' ಬರೆ, 'ಪೀಪಲ್' ಬೇಡ, 'ಇಂಡಿವಿಜುವಲ್ಸ್' ಬರೆ, 'ಥಿಂಕ್' ಬೇಡ, 'ಹಾರ್ಬರ್ ದ ನೋಷನ್' ಬರೆ. 'ವ್ಯಾಯಾಮ ಒಳ್ಳೆಯದೆಂದು ಬಹಳ ಜನ ತಿಳಿದಿದ್ದಾರೆ' ಎಂಬ ಸರಳ ವಾಕ್ಯವನ್ನು ಈ ಬದಲಿಗಳಲ್ಲಿ ಅದ್ದಿ ತೆಗೆದರೆ ಏನಾಗುತ್ತದೆ ನೋಡಿ. 'ಪ್ಲೆಥೊರಾ'ದಲ್ಲಿ ಬೇಕಾದ್ದಕ್ಕಿಂತ ಹೆಚ್ಚು ಎಂಬ ಛಾಯೆ ಇಣುಕುತ್ತದೆ. 'ಹಾರ್ಬರ್' ಸಾಮಾನ್ಯವಾಗಿ ಸಂಶಯ, ಹಗೆ, ಬಚ್ಚಿಟ್ಟುಕೊಂಡ ಆಸೆ ಇಂಥವನ್ನು ಒಳಗಿಟ್ಟುಕೊಳ್ಳುವ ಕ್ರಿಯೆ. ಆಗ ಆ ವಾಕ್ಯ, ಅಗತ್ಯಕ್ಕಿಂತ ಹೆಚ್ಚು ಜನ ವ್ಯಾಯಾಮದ ಬಗ್ಗೆ ತಪ್ಪು ತಿಳಿವಳಿಕೆಯೊಂದನ್ನು ಮನಸ್ಸಿನಲ್ಲಿ ಹುದುಗಿಸಿಟ್ಟುಕೊಂಡಿದ್ದಾರೆ ಎಂಬಂತೆ ಕೇಳುತ್ತದೆ. ಹಾಗೆ ಬರೆದ ಹುಡುಗಿ ಹೇಳಬೇಕೆಂದದ್ದು ತಲೆಕೆಳಗಾಯಿತು, ಪದಗಳೆಲ್ಲ 'ಉನ್ನತ'ವಾದವು. ತನಗೆ ಚೆನ್ನಾಗಿ ಗೊತ್ತಿದ್ದ ಸಣ್ಣ ಪದವನ್ನು ಕೀಳೆಂದು ಬಗೆದು, ಗೊತ್ತಿಲ್ಲದ ದೊಡ್ಡ ಪದವನ್ನು ಅವಳು ಆರಿಸಿಕೊಳ್ಳುವಂತೆ ಮಾಡಿದ್ದು ಈ ವ್ಯವಸ್ಥೆ. ಇಡೀ ಪದ್ಧತಿಯಲ್ಲಿ ನನಗೆ ಅತ್ಯಂತ ಬೇಸರ ತರಿಸುವ ಭಾಗ ಇದು.

ನೆನಪಿಡಲು ಹೂಡುವ ಉಪಾಯಗಳಲ್ಲಿ ಎರಡನ್ನು ಬೇರೆಬೇರೆಯಾಗಿ ತೂಗಬೇಕು. ಮೊದಲನೆಯದು ಸದ್ದಿನ ಹೊಂದಾಣಿಕೆ. 'ಆಂಬ್ಯುಲೆನ್ಸ್' ನೆನಪಾಗಲು 'ಆನ್ ಬು ನಂಗ್ ಸ್' ಎನ್ನುತ್ತಾರೆ. 'ನಾನು ಸಾಯುವಂತಿಲ್ಲ' ಎಂದು ಅದರ ಅರ್ಥ. 'ಆಂಬಿಷನ್'ಗೆ 'ಆನ್ ಬಿ ಷಂಗ್', ಅಂದರೆ 'ನಾನು ಗೆದ್ದೇ ಗೆಲ್ಲುವೆ'. ಇಂಥ ಉಪಾಯ ನೆನಪಿಗೆ ನೆರವಾಗುತ್ತದೆಂದು ಅಟ್ಕಿನ್ಸನ್ ಮತ್ತು ರಾ ಎಂಬವರು 1975ರಲ್ಲೇ ರಷ್ಯನ್ ಪದಗಳನ್ನಿಟ್ಟು ತೋರಿಸಿದ್ದರು. ಪದ ಒಮ್ಮೆ ಕೇಳಿದರೆ ಮರೆಯುವುದಿಲ್ಲ, ನಿಜ. ಆದರೆ ಉಚ್ಚಾರ ಚೀನೀ ಅಚ್ಚಿನಲ್ಲೇ ಗಟ್ಟಿಯಾಗುತ್ತದೆ, ಅರ್ಥವೂ ಆ ಒಂದು ಕಥೆಗೆ ಕಟ್ಟುಬೀಳುತ್ತದೆ. ಹತ್ತಾರು ಹಠಮಾರಿ ಪದಗಳಿಗೆ ಇದು ಸರಿ, ಸಾವಿರ ಪದಗಳಿಗೆ ಅಲ್ಲ.

ಎರಡನೆಯದು ಧಾತು, ಪ್ರತ್ಯಯಗಳ ಮೂಲಕ ಕಲಿಸುವುದು. ಕೋಚಿಂಗ್ ಲೋಕದ ನಿಜವಾದ ಕೊಡುಗೆ ಇದೇ ಎಂದು ನಾನು ತಿಳಿದಿದ್ದೇನೆ. ಚೀನೀ ಭಾಷೆಯಲ್ಲಿ ಕಠಿಣ ಪದವೂ ಬಿಡಿಸಿದರೆ ತಿಳಿಯಾಗುತ್ತದೆ. ನ್ಯುಮೋನಿಯಾಕ್ಕೆ ಅಲ್ಲಿ 'ಶ್ವಾಸಕೋಶ-ಉರಿಯೂತ', ಹೆಪಟೈಟಿಸ್‌ಗೆ 'ಯಕೃತ್ತು-ಉರಿಯೂತ', ಹಿಪೊಪೊಟಮಸ್‌ಗೆ 'ನದಿ-ಕುದುರೆ'. ಶಾಲೆಗೆ ಹೋಗುವ ಮಗುವಿಗೂ ಅರ್ಥವಾಗುತ್ತದೆ. ಇಂಗ್ಲಿಷಿನಲ್ಲಿ ಅದೇ ಜೋಡಣೆ ಗ್ರೀಕ್, ಲ್ಯಾಟಿನ್ ಮುಸುಕಿನೊಳಗಿದೆ: 'ಹಿಪ್ಪೊ' ಎಂದರೆ ಕುದುರೆ, 'ಪೊಟಮಸ್' ಎಂದರೆ ನದಿ. ಮುಸುಕು ತೆಗೆದು ತೋರಿಸಿದ ಕೂಡಲೇ ಚೀನೀ ವಿದ್ಯಾರ್ಥಿ ತನಗೆ ಒಗ್ಗಿದ ಬುದ್ಧಿಯನ್ನೇ ಅಲ್ಲಿ ಹೂಡಬಲ್ಲ. ಮನೆಮಾತಿನ ಬಲವನ್ನು ಹೀಗೆ ಕೆಲಸಕ್ಕೆ ಹಚ್ಚುವ ಬೋಧನೆ ಅಪರೂಪ. ಇದಕ್ಕೂ ಎಲ್ಲೆ ಇದೆ. ಧಾತು ಅರ್ಥದ ಹೊಸ್ತಿಲ ತನಕ ಕರೆದೊಯ್ಯುತ್ತದೆ. ಬಳಕೆಯನ್ನು ಓದಿಯೇ ತಿಳಿಯಬೇಕು.

ಪಟ್ಟಿಯ ಪಂಥಕ್ಕೆ ಪರೀಕ್ಷೆಯೇ ಒಂದು ಉತ್ತರ ಕೊಟ್ಟಿತು. 2011ರ ಆಗಸ್ಟ್‌ನಲ್ಲಿ ಜಿಆರ್‌ಇ ಪರಿಷ್ಕರಣೆಯಾದಾಗ ವಿರುದ್ಧಪದ ಮತ್ತು ಪದಸಾದೃಶ್ಯದ ಪ್ರಶ್ನೆಗಳನ್ನು ಕೈಬಿಟ್ಟರು. ಸಂದರ್ಭವಿಲ್ಲದೆ ಒಂಟಿ ಪದ ಗೊತ್ತಿದ್ದರೆ ಅಂಕ ಸಿಗುತ್ತಿದ್ದ ಜಾಗಗಳೇ ಅವು. ಈಗ ವಾಕ್ಯದ, ಪ್ಯಾರಾದ ಒಳಗೆ ಖಾಲಿ ಜಾಗ ತುಂಬಬೇಕು. ಅದೇ ಪರೀಕ್ಷೆಗೆ ಬೆಂಗಳೂರಿನಲ್ಲಿ ಕೂತು ಇಂಗ್ಲಿಷ್ ಪದಗಳ ಕಾರ್ಡು ತಿರುವಿದ ನಮ್ಮ ಎಂಜಿನಿಯರಿಂಗ್ ಪದವೀಧರರಿಗೂ ಈ ಬದಲಾವಣೆ ಅಷ್ಟೇ ಸಲ್ಲುತ್ತದೆ.

ಹಾಗಾದರೆ ಕಂಠಪಾಠವನ್ನೇ ಬಿಡಬೇಕೆ? ಪಾಶ್ಚಾತ್ಯ ಬೋಧಕರು ಹಲವರು ಹಾಗೆಂದೇ ಉಪದೇಶಿಸಿದ್ದಾರೆ. ನನಗೆ ಅದು ಒಪ್ಪಿಗೆಯಿಲ್ಲ. ಬಾಯಿಪಾಠ ಚೀನಾದ ವಿದ್ಯೆಯ ಬೆನ್ನೆಲುಬು. ದೋಷ ಇರುವುದು ಬಾಯಿಪಾಠಕ್ಕೆ ಆರಿಸಿಕೊಂಡ ಸರಕಿನಲ್ಲಿ. ಚೀನೀ ಮಕ್ಕಳು ಶತಮಾನಗಳ ಕಾಲ ತಮ್ಮ ಲಿಪಿಯನ್ನು ಕಲಿತದ್ದು 'ಛ್ಯಾನ್‌ಜಿವೆನ್' ಎಂಬ ಸಾವಿರ ಅಕ್ಷರಗಳ ಕೃತಿಯಿಂದ. ಆರನೇ ಶತಮಾನದಲ್ಲಿ ಲಿಯಾಂಗ್ ವಂಶದ ವೂ ಚಕ್ರವರ್ತಿಯ ಅಪ್ಪಣೆಯಂತೆ ಚೌ ಶಿಂಗ್‌ಸಿ ರಚಿಸಿದ್ದು ಅದು. ಒಂದು ಅಕ್ಷರವೂ ಮರುಕಳಿಸದ ಹಾಗೆ ಸಾವಿರ ಅಕ್ಷರಗಳನ್ನು ನಾಲ್ಕು ನಾಲ್ಕರಂತೆ 250 ಸಾಲುಗಳಲ್ಲಿ, ಪ್ರಾಸಬದ್ಧವಾಗಿ, ಅರ್ಥ ಕೂಡುವಂತೆ ಕಟ್ಟಿದ. ಪಟ್ಟಿ ಸಾಲದು ಎಂದು ಬಲ್ಲವನು ಪದ್ಯ ಕೊಟ್ಟ. ನಮ್ಮ ಪಾಠಶಾಲೆಗಳಲ್ಲಿ ಉರುಹೊಡೆಸುತ್ತಿದ್ದ ಅಮರಕೋಶವೂ ಅಕಾರಾದಿ ಹಿಡಿಯಲಿಲ್ಲ, ಅರ್ಥದ ವರ್ಗಗಳನ್ನು ಹಿಡಿಯಿತು.

ಇಂಗ್ಲಿಷಿನ ವಿಷಯದಲ್ಲೂ ಚೀನಾದಲ್ಲಿ ಈ ಎಳೆ ಪೂರ್ತಿ ಕಡಿದಿಲ್ಲ. ಎಲ್. ಜಿ. ಅಲೆಕ್ಸಾಂಡರ್ 1967ರಲ್ಲಿ ಹೊರತಂದ 'ನ್ಯೂ ಕಾನ್ಸೆಪ್ಟ್ ಇಂಗ್ಲಿಷ್' ಪುಸ್ತಕಗಳ ಪಾಠಗಳನ್ನು ಇಡಿಯಾಗಿ ಬಾಯಿಪಾಠ ಮಾಡುವ ರೂಢಿ ಅಲ್ಲಿ ಇದೆ. ರಾಷ್ಟ್ರಮಟ್ಟದ ಇಂಗ್ಲಿಷ್ ಭಾಷಣ, ಚರ್ಚಾಸ್ಪರ್ಧೆಗಳಲ್ಲಿ ಗೆದ್ದ ಮೂವರನ್ನು ನಾನ್‌ಜಿಂಗ್ ವಿಶ್ವವಿದ್ಯಾಲಯದ ದಿಂಗ್ ಯಾನ್‌ರೆನ್ ಮಾತಾಡಿಸಿ 2007ರಲ್ಲಿ ಲೇಖನ ಪ್ರಕಟಿಸಿದರು. ಮೂವರೂ ತಮ್ಮ ಕಲಿಕೆಗೆ ಆಧಾರವಾದದ್ದು ಪಾಠಗಳನ್ನು ಹೀಗೆ ಬಾಯಿಪಾಠ ಮಾಡಿ ಅನುಕರಿಸಿದ್ದೇ ಎಂದರು. ಮೂವರ ಮಾತಿನಿಂದ ಎಲ್ಲವೂ ಸಾಬೀತಾಗದು, ಆದರೆ ಕಾರಣ ಊಹಿಸುವುದು ಕಷ್ಟವಲ್ಲ. ಪಾಠ ಬಾಯಿಗೆ ಬಂದವನಿಗೆ ಪದ ಒಂಟಿಯಾಗಿ ಬರುವುದೇ ಇಲ್ಲ. ಹಿಂದುಮುಂದಿನ ಜೊತೆಗಾರರನ್ನು ಕರೆದುಕೊಂಡೇ ಬರುತ್ತದೆ.

ಈ ಅರಿವಿನ ದೊಡ್ಡ ಚೀನೀ ಪ್ರತಿನಿಧಿ ಫುದಾನ್ ವಿಶ್ವವಿದ್ಯಾಲಯದ ಗ ಚುವಾನ್‌ಗುಯಿ. ಬಹುಪಾಲು ಸ್ವಂತ ಓದಿನಿಂದಲೇ ಇಂಗ್ಲಿಷ್ ದಕ್ಕಿಸಿಕೊಂಡ ಈ ಮೇಷ್ಟರು 1940ರ ದಶಕದಲ್ಲಿ ಚೀನೀ ಓದುಗರಿಗಾಗಿ ಇಂಗ್ಲಿಷ್ ಬಳಕೆಯ ಕೋಶ ಬರೆದರು. ಎಲ್ಲರಿಗೂ ಗೊತ್ತಿರುವ ಸಾಮಾನ್ಯ ಪದ ಯಾವ ರಚನೆಯಲ್ಲಿ ಸರಿ, ಯಾವುದರಲ್ಲಿ ತಪ್ಪು ಎಂಬುದೇ ಅದರ ವಿಷಯ. ಇಂಗ್ಲೆಂಡಿನ ಎ. ಎಸ್. ಹಾರ್ನ್‌ಬಿ ಜಪಾನಿನಲ್ಲಿ ಪಾಠ ಹೇಳುತ್ತ ಕಟ್ಟಿದ ಕೋಶ ಟೋಕಿಯೊದಲ್ಲಿ ಅಚ್ಚಾದದ್ದು 1942ರಲ್ಲಿ. ಇವತ್ತಿನ 'ಆಕ್ಸ್‌ಫರ್ಡ್ ಅಡ್ವಾನ್ಸ್ಡ್ ಲರ್ನರ್ಸ್ ಡಿಕ್ಷನರಿ' ಅದರ ವಂಶದ್ದು. ಪೂರ್ವ ಏಷ್ಯಾದ ವಿದ್ಯಾರ್ಥಿಗಳ ಕಷ್ಟ ಕಣ್ಣಾರೆ ಕಂಡ ಇಬ್ಬರೂ ಒಂದೇ ತೀರ್ಮಾನಕ್ಕೆ ಬಂದರು: ಇವರಿಗೆ ಬೇಕಾದದ್ದು ಪದದ ಬಳಕೆ. ಅವರ ದಾರಿಯನ್ನು ಪರೀಕ್ಷೆಯ ಪೇಟೆ ಬದಿಗೆ ಸರಿಸಿತು, ಅದು ತಪ್ಪು ದಾರಿಯಾಗಿತ್ತು ಎಂದಲ್ಲ, ನಿಧಾನದ ದಾರಿಯಾಗಿತ್ತು ಎಂದು.

ಜನರಿಗೆ ಆ ನಿಧಾನ ಬೇಡವಾಗಿದೆಯೆ? 2021ರ ಜುಲೈನಲ್ಲಿ ಸರ್ಕಾರ ಶಾಲಾ ಪಠ್ಯದ ಖಾಸಗಿ ಟ್ಯೂಷನ್‌ಗೆ ಕಡಿವಾಣ ಹಾಕಿದ ಮೇಲೆ ನ್ಯೂ ಓರಿಯೆಂಟಲ್ ಆನ್‌ಲೈನ್ ಮಾರಾಟಕ್ಕಿಳಿಯಿತು. 2022ರ ಜೂನ್‌ನಲ್ಲಿ ಅಲ್ಲಿನ ಇಂಗ್ಲಿಷ್ ಮೇಷ್ಟರು ದೊಂಗ್ ಯೂಹುಯಿ ನೇರಪ್ರಸಾರದಲ್ಲಿ ಅಕ್ಕಿ, ಮಾಂಸ ಮಾರುತ್ತ, ಕೈಯಲ್ಲೊಂದು ಪುಟ್ಟ ಬಿಳಿಹಲಗೆ ಹಿಡಿದು, ಆ ಸರಕಿಗೆ ಸೇರಿದ ಇಂಗ್ಲಿಷ್ ಪದ ಬರೆದು, ಹಳ್ಳಿಯ ನೆನಪು, ಕವಿತೆ, ಚರಿತ್ರೆ ಬೆರೆಸಿ ವಿವರಿಸಿದರು. ದೇಶವೇ ಕೂತು ನೋಡಿತು. ಪರೀಕ್ಷೆಯ ಹಂಗಿಲ್ಲದ ಜನ ಪದದ ಪಾಠವನ್ನು ಖುಷಿಯಿಂದ ಕೇಳಿದರೆಂದರೆ, ಸಂದರ್ಭದಲ್ಲಿ ಕಲಿಸುವುದು ಬೇಸರದ ಬಾಬತ್ತಲ್ಲ ಎಂಬುದಕ್ಕೆ ಅದೇ ಸಾಕ್ಷಿ.

ನನ್ನ ತೀರ್ಪು ಇಷ್ಟು. ಮೊದಲ ಮೂರು ಸಾವಿರ ಪದಗಳಿಗೆ ಪಟ್ಟಿ ಇರಲಿ, ಗಡುವಿನ ಪುನರಾವರ್ತನೆಯೂ ಇರಲಿ. ಆಮೇಲೆ ಎವೆರಿಲ್ ಕಾಕ್ಸ್‌ಹೆಡ್ 2000ದಲ್ಲಿ ಆರಿಸಿ ಕೊಟ್ಟ 570 ಪದಕುಟುಂಬಗಳು ಬರಲಿ. ವಿದ್ವತ್ ಬರಹದ ಸುಮಾರು ಶೇ. 10ರಷ್ಟು ಪದಗಳು ಅವೇ. ಅವನ್ನು ವಾಕ್ಯಗಳ ಸಮೇತ ಕಲಿಸಬೇಕು. ಅಲ್ಲಿಂದಾಚೆಗೆ ಪಟ್ಟಿ ಮುಚ್ಚಿ, ಧಾತುಗಳ ತಿಳಿವಳಿಕೆ ಜೊತೆಗಿಟ್ಟುಕೊಂಡು, ಸುಲಭದ ಪುಸ್ತಕಗಳನ್ನು ರಾಶಿ ರಾಶಿ ಓದಬೇಕು. ವಾರಕ್ಕೊಂದು ಒಳ್ಳೆಯ ಪ್ಯಾರಾ ಬಾಯಿಗೆ ಬರಬೇಕು. ಪರೀಕ್ಷಕರು 'ಹೆಚ್ಚು ಉನ್ನತ ಪದ'ಕ್ಕೆ ಕೊಡುತ್ತ ಬಂದ ಮನ್ನಣೆಯನ್ನು ಸರಿಯಾಗಿ ಕೂತ ಪದಕ್ಕೆ ಕೊಡಬೇಕು. ಅಲ್ಲಿಯ ತನಕ ಮೇಷ್ಟರುಗಳ ಯಾವ ಬುದ್ಧಿಮಾತೂ ನಾಟದು. ಹದಿನೆಂಟರ ಹುಡುಗಿಯೊಬ್ಬಳು ತನ್ನ ಮನಸ್ಸಿನ ಮಾತನ್ನು 'ಥಿಂಕ್', 'ಗುಡ್', 'ಮೆನಿ' ಎಂಬ ಪದಗಳಲ್ಲಿ ನೆಟ್ಟಗೆ ಹೇಳಿದರೆ ಅವಳ ಇಂಗ್ಲಿಷ್ ಉನ್ನತವಾದದ್ದು ಎಂದು ಒಪ್ಪುವ ಧೈರ್ಯ ಮೌಲ್ಯಮಾಪನಕ್ಕೆ ಬರಬೇಕು.