ಹುಣ್ಣಿಮೆಗೆ ಮುಂಚೆ ಅಟ್ಟ ಇಳಿಸಿ

ಮನೆಯೊಳಗಿನ ಬೇಡದ ಸಾಮಾನು ಹೊರಗೆ ಹಾಕಲು ವರ್ಷದಲ್ಲಿ ಒಳ್ಳೆಯ ಹೊತ್ತು ಯಾವುದೆಂದು ಕೇಳಿದರೆ ನನ್ನ ಉತ್ತರ ಒಂದೇ: ಫಾಲ್ಗುಣ ಶುದ್ಧ ಏಕಾದಶಿಯಿಂದ ಹೋಳಿ ಹುಣ್ಣಿಮೆಯವರೆಗೆ. ದಸರೆಗೆ ಮುಂಚೆ ಉತ್ತರ ಕರ್ನಾಟಕದ ಊರುಗಳಲ್ಲಿ ಹಾಸಿಗೆ ಹೊದಿಕೆಯೆಲ್ಲ ಹೊಳೆಗೋ ಹಳ್ಳಕ್ಕೋ ಹೊತ್ತೊಯ್ದು ಒಗೆದು ತರುತ್ತಾರೆ. ದೀಪಾವಳಿಗೆ ಸುಣ್ಣ ಬಣ್ಣ ಆಗುತ್ತದೆ. ಅವೆರಡೂ ತೊಳೆಯುವ ಹಬ್ಬಗಳು. ತೊಳೆದದ್ದು ಮತ್ತೆ ಅದೇ ಜಾಗಕ್ಕೆ ಬಂದು ಕೂರುತ್ತದೆ. ನಿನ್ನ ಮನೆಯಲ್ಲಿ ಏನು ಹೆಚ್ಚಾಗಿದೆ, ತಾ ಎಂದು ಬಾಗಿಲಿಗೆ ಬಂದು ಕೇಳುವುದು ಹೋಳಿಯೊಂದೇ.

ಹೋಳಿಯಲ್ಲಿ ಸುಡುವ ಕಾಮಣ್ಣನಿಗೆ ಸೌದೆ ಬೇಕು, ಕುಳ್ಳು ಬೇಕು. ಹಲಗಿ ಬಾರಿಸುತ್ತ ಹುಡುಗರು ಬರುತ್ತಾರೆ. ಕೊಟ್ಟರೆ ಸರಿ, ಕೊಡದಿದ್ದರೆ ರಾತ್ರಿ ಹಿತ್ತಲಿನಿಂದ ಹೊತ್ತೊಯ್ಯುವ ಹಕ್ಕು ಅವರಿಗೆ ಆ ನಾಲ್ಕು ದಿನ ಇದ್ದೇ ಇರುತ್ತಿತ್ತು. ಬಾಗಲಕೋಟೆಯಲ್ಲಿ, ನವಲಗುಂದದಲ್ಲಿ, ಆ ಸೀಮೆಯ ಹಳ್ಳಿ ಹಳ್ಳಿಗಳಲ್ಲಿ ಹಿರಿಯ ಹೆಂಗಸರು ಇದನ್ನು ಬಲ್ಲವರು. ಕಾಲು ಮುರಿದ ಮಣೆ, ತಳ ಹೋದ ಬುಟ್ಟಿ, ಹುಳು ಹಿಡಿದ ಬಾಗಿಲ ಚೌಕಟ್ಟಿನ ತುಂಡು, ಎಲ್ಲವನ್ನೂ ಮೊದಲೇ ಜಗಲಿಯ ಪಕ್ಕಕ್ಕೆ ತಂದಿಡುತ್ತಿದ್ದರು. ಹಬ್ಬಕ್ಕೆ ಹಬ್ಬವೂ ಆಯಿತು, ಮನೆಯೂ ಹಗುರಾಯಿತು. ಹುಣ್ಣಿಮೆ ದಾಟಿ ಹದಿನೈದು ದಿನಕ್ಕೆಲ್ಲ ಯುಗಾದಿ. 2026ರಲ್ಲಿ ಹೋಳಿ ಹುಣ್ಣಿಮೆ ಮಾರ್ಚ್ 3ಕ್ಕೆ, ಯುಗಾದಿ ಮಾರ್ಚ್ 19ಕ್ಕೆ. ನಮ್ಮ ಚಾಂದ್ರಮಾನ ವರ್ಷದ ಕೊನೆಯ ಹುಣ್ಣಿಮೆ ಇದು. ಹೊಸ ಪಂಚಾಂಗ ಮನೆಗೆ ಬರುವ ಮುಂಚೆ ಹಳೆಯದರ ಲೆಕ್ಕ ತೀರಿಸಲು ಇಷ್ಟು ದಿನ ಸಾಕು.

ಹುಣ್ಣಿಮೆಯ ಚಂದ್ರ ನಮ್ಮ ಮನಸ್ಸಿನ ಭಾರ ಎಳೆದುಕೊಳ್ಳುತ್ತಾನೆ ಎಂಬ ಮಾತು ಈಗ ಬಹಳ ಕೇಳುತ್ತದೆ. ನಾನದನ್ನು ನೆಚ್ಚಿಲ್ಲ. ನನಗೆ ಹುಣ್ಣಿಮೆ ಬೇಕಾಗಿರುವುದು ವಾಯಿದೆಗೆ. ಮುಂದಿನ ಭಾನುವಾರ ನೋಡೋಣ ಎಂದು ಭಾನುವಾರವನ್ನು ಮುಂದೂಡಬಹುದು, ಹುಣ್ಣಿಮೆಯನ್ನು ಆಗದು. ಇನ್ನೊಂದು ಅನುಕೂಲವೂ ಇದೆ. ಏಕಾದಶಿಯಿಂದ ಮುಂದಕ್ಕೆ ಸೂರ್ಯ ಮುಳುಗುವ ಹೊತ್ತಿಗೆ ಚಂದ್ರ ಆಗಲೇ ಪೂರ್ವದಲ್ಲಿ ಮೇಲಕ್ಕೆ ಬಂದಿರುತ್ತಾನೆ. ಫಾಲ್ಗುಣದ ಹಗಲಿನ ಬಿಸಿಲಲ್ಲಿ ಟ್ರಂಕು ಎಳೆಯುವುದು ಕಷ್ಟ. ಸಂಜೆ ತಂಪಿನಲ್ಲಿ, ಅಂಗಳದಲ್ಲೋ ತಾರಸಿಯ ಮೇಲೋ ಬೆಳದಿಂಗಳಿಗೆ ಚಾಪೆ ಹಾಸಿಕೊಂಡು ಕೂತರೆ ಕೈಯೂ ಸಾಗುತ್ತದೆ, ಮಾತೂ ಸಾಗುತ್ತದೆ.

ಕ್ರಮ ಸರಳ. ದೇವರ ಮುಂದೆ ದೀಪ ಹಚ್ಚಿದ ಮೇಲೆ ಒಂದು ಮೂಲೆ ಗುಡಿಸಿ. ಒಂದು ಸಂಜೆಗೆ ಒಂದೇ ಟ್ರಂಕು ಅಥವಾ ಅಟ್ಟದ ಒಂದೇ ಬದಿ ಇಳಿಸಿ, ಇಡೀ ಮನೆಯನ್ನು ಕೆದರಬೇಡಿ. ಮನೆಮಂದಿಯೆಲ್ಲ ಕೂರಬೇಕು, ಮಕ್ಕಳೂ. ಒಂದೊಂದೇ ವಸ್ತು ಎತ್ತಿ ಕೇಳಬೇಕಾದ ಪ್ರಶ್ನೆ: ಇದು ಯಾರಿಗೆ? ಜಪಾನಿನ ಮಾರಿ ಕೊಂಡೊ ಇದು ನಿಮಗೆ ಸಂತೋಷ ಕೊಡುತ್ತದೆಯೇ ಎಂದು ಕೇಳಲು ಜಗತ್ತಿಗೇ ಕಲಿಸಿದರು. ಆಕೆಯ ಶಿಸ್ತಿನ ಬಗ್ಗೆ ನನಗೆ ಗೌರವವಿದೆ. ಆದರೆ ನಮ್ಮ ಮನೆಗಳಲ್ಲಿ ಆ ಪ್ರಶ್ನೆ ಕೆಲಸ ಮಾಡದು. ಅತ್ತೆಯ ಕಾಲದ ಹಿತ್ತಾಳೆ ಗಂಗಾಳ ಯಾರಿಗೂ ಸಂತೋಷ ಕೊಡುತ್ತಿಲ್ಲ, ಆದರೂ ಯಾರೂ ಅದನ್ನು ಹೊರಗೆ ಹಾಕುವುದಿಲ್ಲ. ಧಾರವಾಡದಲ್ಲಿ ಹೊಸದಾಗಿ ಸಂಸಾರ ಹೂಡಿರುವ ಮೊಮ್ಮಗಳಿಗೆ ಎಂದು ಹೆಸರು ಹೇಳಿದ ಕೂಡಲೇ ಹಿಡಿದ ಕೈ ಸಡಿಲವಾಗುತ್ತದೆ. ಯಾರದೆಂದು ತಿಳಿದ ವಸ್ತು ಹೋಗುತ್ತದೆ. ಸುಮ್ಮನೆ ಬೇಡವಾದ ವಸ್ತು ಇನ್ನೊಂದು ಮೂಲೆ ಹುಡುಕಿಕೊಳ್ಳುತ್ತದೆ. ಹೆಸರು ಬರೆದ ಚೀಟಿ ಅಂಟಿಸಿ ಬಾಗಿಲ ಬಳಿ ಇಡಿ. ಹೆಸರು ಹೊಳೆಯದಿದ್ದರೆ ಒಳಗೇ ಇರಲಿ, ಅವಸರವಿಲ್ಲ.

ಬಟ್ಟೆಗೆ ಒಂದು ಇಡೀ ಸಂಜೆ ಬೇಕು. ಹಳೆ ಬಟ್ಟೆ ಕೊಟ್ಟು ಸ್ಟೀಲ್ ಪಾತ್ರೆ ಕೊಳ್ಳುವ ಪದ್ಧತಿ ನನಗೆ ಒಪ್ಪಿಗೆಯಿಲ್ಲ. ಒಂದು ಗಂಟು ಹೋಗಿ ಇನ್ನೊಂದು ಸಾಮಾನು ಬರುತ್ತದೆ, ಅಷ್ಟೇ. ಉಡುವಂತಿರುವುದನ್ನು ಒಗೆದು, ಗುಂಡಿ ಹೊಲಿದು, ಮಡಿಸಿ ಕೊಡಬೇಕು. ಹರಿದ ಬಟ್ಟೆ ದಾನವಲ್ಲ. ಹರಿದದ್ದಕ್ಕೆ ನಮ್ಮಲ್ಲಿ ಕೌದಿ ಇದೆ. ಮೆತ್ತಗಾದ ಹತ್ತಿ ಸೀರೆ, ಧೋತರ, ಪಂಚೆ ಪದರ ಪದರವಾಗಿ ಹಾಸಿ, ಒಂದೊಂದೇ ಎಳೆ ದಾರದಲ್ಲಿ ಸಾಲು ಹೊಲಿಗೆ ಹಾಕುವ ಈ ಕೆಲಸಕ್ಕೆ ಸರಿಸಾಟಿಯಾದ ಮನೆ ಜಾಣ್ಮೆ ನನಗೆ ಗೊತ್ತಿಲ್ಲ. ಉಟ್ಟು ಒಗೆದು ತೆಳುವಾದ ಹತ್ತಿಯೇ ಇದಕ್ಕೆ ಹೆಚ್ಚು ಹೊಂದುತ್ತದೆ. ಪಾಲಿಯೆಸ್ಟರ್ ಬೆವರು ಹೀರದು, ಅದನ್ನು ಸೇರಿಸಬೇಡಿ. ಹಳಿಯಾಳ, ಯಲ್ಲಾಪುರ, ಮುಂಡಗೋಡಿನ ಸಿದ್ದಿ ಹೆಂಗಸರು ಹೊಲಿಯುವ ಕವಂದಿ ನೋಡಿ: ಬಣ್ಣದ ತುಂಡುಗಳು ಅಂಚಿನಿಂದ ಒಳಕ್ಕೆ ಸುತ್ತುತ್ತ ಬರುತ್ತವೆ, ನಾಲ್ಕೂ ಮೂಲೆಗಳಲ್ಲಿ ಫೂಲಾ ಎಂಬ ಪುಟ್ಟ ತ್ರಿಕೋನಗಳು. ಮೂಲೆಯಲ್ಲಿ ಫೂಲಾ ಇಲ್ಲದಿದ್ದರೆ ಅವರ ಕಣ್ಣಿಗೆ ಅದು ಬೆತ್ತಲೆ. ಕೌದಿ ಹೊಲಿಯುವವರು ನಿಮ್ಮ ಊರಿನಲ್ಲಿದ್ದರೆ ಹುಣ್ಣಿಮೆಗೆ ಮುಂಚೆಯೇ ಹೇಳಿಟ್ಟುಕೊಳ್ಳಿ, ಕೂಲಿಯಲ್ಲಿ ಚೌಕಾಸಿ ಮಾಡಬೇಡಿ. ತೀರಿಹೋದ ಅಜ್ಜಿಯ ಸೀರೆ ಮೊಮ್ಮಗುವಿನ ಹೊದಿಕೆಯಾದರೆ ಅದನ್ನು ಬಿಟ್ಟಂತೆಯೂ ಆಯಿತು, ಉಳಿಸಿಕೊಂಡಂತೆಯೂ ಆಯಿತು.

ಅಡುಗೆಮನೆ ಬೇಗ ಮುಗಿಯುತ್ತದೆ. ಮುಚ್ಚಳವಿಲ್ಲದ ಡಬ್ಬಿ, ಹಿಡಿ ಹೋದ ಬಾಣಲೆ, ಲೇಪ ಹೋದ ನಾನ್‌ಸ್ಟಿಕ್ ತವೆ ಗುಜರಿಗೆ. ಮದುವೆ, ಸೀಮಂತಗಳಲ್ಲಿ ಬಂದ, ಕೊಟ್ಟವರ ಹೆಸರು ಮತ್ತು ತಾರೀಖು ಕೊರೆಸಿದ ಸ್ಟೀಲ್ ಪಾತ್ರೆಗಳಲ್ಲಿ ಒಂದೆರಡು ಇಟ್ಟುಕೊಂಡು ಉಳಿದದ್ದನ್ನು ಊರಿನ ಗುಡಿಯ ಅನ್ನಸಂತರ್ಪಣೆಗೋ ಮಠದ ದಾಸೋಹಕ್ಕೋ ಕೊಡಿ. ನಿಮ್ಮ ಸೋದರತ್ತೆಯ ಹೆಸರಿರುವ ಬೇಸಿನ್ನಿನಲ್ಲಿ ನೂರಾರು ಜನಕ್ಕೆ ಅನ್ನ ಬಡಿಸಿದರೆ ಆಕೆಗೆ ಅದಕ್ಕಿಂತ ಮರ್ಯಾದೆ ಬೇರೆಯಿಲ್ಲ.

ದೇವರ ಪಟಗಳದ್ದು ಕಷ್ಟದ ವಿಷಯ. ಗಾಜು ಒಡೆದದ್ದು, ಬಣ್ಣ ಮಾಸಿದ್ದು ಮನೆಯಲ್ಲಿ ಇಡಬಾರದು ಎನ್ನುತ್ತಾರೆ, ಎಸೆಯಲು ಮನಸ್ಸು ಬಾರದು. ಹೀಗಾಗಿ ಎಲ್ಲ ಊರುಗಳ ಅರಳಿಕಟ್ಟೆಯ ಬುಡದಲ್ಲೂ ದೇವರುಗಳು ಮಳೆಗೆ ನೆನೆಯುತ್ತಿದ್ದಾರೆ. ದಯವಿಟ್ಟು ಅಲ್ಲಿ ಇಡಬೇಡಿ. ಪಟಕ್ಕೆ ಕೊನೆಯದಾಗಿ ಹೂವಿಟ್ಟು, ಕೈಮುಗಿದು, ಚೌಕಟ್ಟು ಬಿಚ್ಚಿ. ಗಾಜನ್ನು ದಪ್ಪ ಕಾಗದದಲ್ಲಿ ಸುತ್ತಿ, ಗಾಜು ಎಂದು ಬರೆದು ಕಸದವರಿಗೆ ಬೇರೆಯಾಗಿ ಕೊಡಿ. ಒಳಗಿನ ಕಾಗದವನ್ನು ಮನೆಯ ಬಕೆಟ್ಟಿನಲ್ಲೇ ನೀರಿಗೆ ಬಿಟ್ಟು, ನೆನೆದು ಮೆತ್ತಗಾದ ಮೇಲೆ ಹೂಗಿಡದ ಬುಡದ ಮಣ್ಣಿಗೆ ಸೇರಿಸಿ. ಪ್ಲಾಸ್ಟಿಕ್ ಹೊದಿಕೆಯ ಪಟವಾದರೆ ಮಾತ್ರ ಇದು ಆಗದು, ಅದು ಒಣ ಕಸಕ್ಕೇ ಹೋಗಬೇಕು.

ಕಾಮನ ಬೆಂಕಿಗೆ ಏನು ಹಾಕಬೇಕು ಎಂಬುದರಲ್ಲಿ ನಾನು ಕಟ್ಟುನಿಟ್ಟು. ಬರೀ ಮರ, ಬಿದಿರು, ಕುಳ್ಳು. ಈಗಿನ ಮುರಿದ ಪೀಠೋಪಕರಣ ಹೆಚ್ಚಿನದು ಪ್ಲೈವುಡ್. ಅದರ ಅಂಟು, ಮೇಲಿನ ಬಣ್ಣ ಸುಟ್ಟಾಗ ಬರುವ ಹೊಗೆ ವಿಷ. ಪಿವಿಸಿ ಪೈಪು, ರೆಕ್ಸಿನ್ ಇನ್ನೂ ಕೆಟ್ಟದ್ದು. ಅದೇ ಬೆಂಕಿಯಲ್ಲಿ ಕಡಲೆ ಸುಟ್ಟು ಮಕ್ಕಳಿಗೆ ತಿನ್ನಿಸುತ್ತೇವೆ, ಅದೇ ಕೆಂಡ ಮನೆಯ ಒಲೆಗೆ ತರುತ್ತೇವೆ ಎಂಬುದು ನೆನಪಿರಲಿ.

ಕೊನೆಗೆ, ಯಾರ ಮನೆಯಲ್ಲೂ ಸುಲಭವಾಗಿ ತೆರೆಯದ ಕಪಾಟಿನ ಮಾತು. ತೀರಿಕೊಂಡವರದು. ಕರ್ಮದ ದಿನಗಳಲ್ಲಿ ಶಯ್ಯಾದಾನ, ಛತ್ರಿ, ಪಾದರಕ್ಷೆ, ಪಾತ್ರೆಗಳ ದಾನ ಅನೇಕ ಮನೆತನಗಳಲ್ಲಿ ನಡೆಯುತ್ತದೆ. ಇದನ್ನು ಕಟ್ಟಿದವರು ದುಃಖವನ್ನು ಬಲ್ಲವರು: ಹೋದವರ ಬಳಕೆಯ ವಸ್ತು ಬೇಗ ಇನ್ನೊಬ್ಬರ ಬಳಕೆಗೆ ಹೋಗಲಿ ಎಂಬ ದಾರಿ ಅದು ಎಂದೇ ನಾನು ತಿಳಿದಿದ್ದೇನೆ. ಈಗ ನಾವು ಅಂಗಡಿಯಿಂದ ಹೊಸ ಛತ್ರಿ ತಂದು ದಾನ ಕೊಡುತ್ತೇವೆ, ಅಪ್ಪನ ಛತ್ರಿ ಬಾಗಿಲ ಹಿಂದೆ ಹಾಗೇ ತೂಗುತ್ತಿರುತ್ತದೆ. ಮೊದಲ ವರ್ಷ ಮುಟ್ಟಲಾಗದಿದ್ದರೆ ಬೇಡ, ಅದಕ್ಕೆ ಯಾರೂ ಬಲವಂತ ಮಾಡಬಾರದು. ವರ್ಷಾಂತಿಕ ಕಳೆದ ಮೇಲೆ ಬರುವ ಹೋಳಿ ಹುಣ್ಣಿಮೆಗೆ ಆ ಕಪಾಟು ತೆರೆಯಿರಿ. ಕೈಗಡಿಯಾರ ಒಂದು, ಕೈಬರಹ ಒಂದು ಇಟ್ಟುಕೊಳ್ಳಿ. ಶಾಲು, ಸ್ವೆಟರ್, ಕೊಡೆ ಹೊರಗೆ ಹೋಗಲಿ, ಅವರನ್ನು ಬಲ್ಲವರಿಗೇ ಹೋದರೆ ಇನ್ನೂ ಒಳ್ಳೆಯದು.

ಎಲ್ಲಕ್ಕಿಂತ ಮೊದಲು ಕೊಡಬೇಕಾದದ್ದು ಅವರ ವಾಕರ್, ಊರುಗೋಲು, ಗಾಲಿಕುರ್ಚಿ. ಇಂಥವು ಮೂಲೆಯಲ್ಲಿ ಧೂಳು ಹಿಡಿದು ನಿಂತ ಮನೆಗಳು ಪ್ರತಿ ಬೀದಿಯಲ್ಲಿವೆ, ಅವು ಬೇಕಾಗಿ ಕೊಳ್ಳಲಾರದವರೂ ಅದೇ ಬೀದಿಯಲ್ಲಿದ್ದಾರೆ. ಅಕ್ಕಪಕ್ಕ ವಿಚಾರಿಸಿ, ಯಾರೂ ಸಿಗದಿದ್ದರೆ ಹತ್ತಿರದ ವೃದ್ಧಾಶ್ರಮದಲ್ಲಿ ಕೇಳಿ. ಕೊಡುವ ಮುಂಚೆ ಒರೆಸಿ, ಕಾಲಿನ ರಬ್ಬರ್ ಬುಶ್ ಸವೆದಿದ್ದರೆ ಹೊಸದು ಹಾಕಿಸಿ. ಸರ್ಜಿಕಲ್ ಸಾಮಾನಿನ ಅಂಗಡಿಗಳಲ್ಲಿ ಬುಶ್ ಬಿಡಿಯಾಗಿಯೂ ಸಿಗುತ್ತವೆ.